ಅಂಗೈ ತಾಗಿದರೆ ಮಂಗಳೂರು

ಭಾನುವಾರ ಬೆಳಗ್ಗೆ ಹತ್ತು ಗಂಟೆ ಹದಿನೇಳು ನಿಮಿಷಕ್ಕೆ ನನ್ನ ಗ್ರಹಚಾರ ಕೆಟ್ಟಿತು. ವೇಳೆ ಇಷ್ಟು ಖಚಿತವಾಗಿ ಗೊತ್ತಿರಲು ಕಾರಣ, ಅದನ್ನು ಹೇಳಿದ್ದು ಅಪರಾಧಿಯೇ. ನಾನು ಲ್ಯಾಪ್‌ಟಾಪಿನಲ್ಲಿ ನನ್ನ ಹೆಸರು ಟೈಪ್ ಮಾಡುತ್ತಿದ್ದೆ. ಅಂಗೈ ಕೆಳಗೆಲ್ಲೋ ತಾಗಿತು. ಲ್ಯಾಪ್‌ಟಾಪು ನನ್ನ ಹೆಸರನ್ನು ಅರ್ಧಕ್ಕೇ ಬಿಟ್ಟು, "ಹತ್ತು ಹದಿನೇಳು, ಭಾನುವಾರ" ಎಂದಿತು. ನಾನು ಕೇಳಿರಲಿಲ್ಲ.

ನನಗೆ ಕಣ್ಣು ಕಾಣುವುದಿಲ್ಲ. ಗಂಗಾವತಿಯ ಹೈಸ್ಕೂಲೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ನನ್ನ ಲ್ಯಾಪ್‌ಟಾಪಿನಲ್ಲಿ ಸ್ಕ್ರೀನ್ ರೀಡರ್ ಇದೆ. ತೆರೆಯ ಮೇಲಿರುವುದನ್ನು ಅದು ಓದಿ ಹೇಳುತ್ತದೆ, ನಾನು ಕೀಲಿ ಒತ್ತುತ್ತೇನೆ. ಈ ಸಂಸಾರದಲ್ಲಿ ಮೂರನೆಯವರಿಗೆ ಕೆಲಸವಿಲ್ಲ. ಆದರೂ ಕೀಲಿಮಣೆಯ ಕೆಳಗೆ, ಸರಿಯಾಗಿ ಅಂಗೈ ಊರುವ ಜಾಗದಲ್ಲೇ, ಟಚ್‌ಪ್ಯಾಡ್ ಎಂಬ ನುಣುಪು ಚೌಕವೊಂದನ್ನು ಕೂರಿಸಿದ್ದಾರೆ. ಬಾಣದ ಗುರುತನ್ನು ಕಣ್ಣಿಂದ ನೋಡುತ್ತ ಬೆರಳಿನಿಂದ ಓಡಿಸುವವರಿಗೆ ಅದು ಬೇಕು. ಬಾಣವನ್ನೇ ನೋಡಲಾಗದ ನನಗೆ ಯಾಕೆ ಬೇಕು? ಅದರಲ್ಲೂ ನನ್ನದು ಅತಿ ಸೂಕ್ಷ್ಮ ಸ್ವಭಾವದ್ದು. ಅಂಗಿಯ ತೋಳು ಸೋಕಿದರೂ ಕ್ಲಿಕ್. ಉಸಿರು ಬಿಟ್ಟರೂ ಕ್ಲಿಕ್ ಎಂದು ನನ್ನ ಗುಮಾನಿ. ಮಕ್ಕಳ ಅಂಕಪಟ್ಟಿ ತುಂಬುವಾಗ ಒಮ್ಮೆ ಇಡೀ ಎಂಟನೇ ತರಗತಿಯನ್ನು ಅಳಿಸಿಹಾಕಿತ್ತು.

ಆ ದಿನ ತುಂಬಬೇಕಾಗಿದ್ದುದು ವರ್ಗಾವಣೆ ಅರ್ಜಿ. ನನ್ನ ಹೆಂಡತಿ ಶೋಭಾ ನಮ್ಮ ಜಿಲ್ಲೆಯದೇ ಯಲಬುರ್ಗಾ ಕಡೆಯ ಮಂಗಳೂರೆಂಬ ಸಣ್ಣ ಊರಿನಲ್ಲಿ ನರ್ಸು. ನಾಲ್ಕು ವರ್ಷದಿಂದ ಆಕೆ ಅಲ್ಲಿ, ನಾನು ಇಲ್ಲಿ. ಶನಿವಾರ ಸಂಜೆಯಿಂದ ಸೋಮವಾರ ಬೆಳಗಿನವರೆಗೆ ಮಾತ್ರ ನಾವು ಗಂಡ ಹೆಂಡತಿ. ಆಕೆಗೆ ಡ್ಯೂಟಿ ಬಿದ್ದರೆ ಅದೂ ಇಲ್ಲ. ಆ ವಾರ ಬಿದ್ದಿತ್ತು. ಈ ಸಲ ಅಲ್ಲಿನ ಹೈಸ್ಕೂಲಿನಲ್ಲಿ ನನ್ನ ವಿಷಯದ್ದೇ ಹುದ್ದೆ ಖಾಲಿಯಾಗಿತ್ತು. ಈಗ ತಪ್ಪಿದರೆ ಮುಂದೆ ಯಾವ ಕಾಲಕ್ಕೋ.

"ಯಾರರೆ ಕಣ್ಣಿದ್ದವ್ರನ್ನ ಬಾಜೂಕ ಕುಂದರಿಸ್ಕೊಂಡು ತುಂಬ್ರಿ" ಎಂದು ಶೋಭಾ ಫೋನಿನಲ್ಲಿ ಹೇಳಿದ್ದಳು. ನಾನು ಅವಳಿಗೆ ಸ್ವಾವಲಂಬನೆಯ ಬಗ್ಗೆ ಕಾಲು ಗಂಟೆ ಉಪನ್ಯಾಸ ಕೊಟ್ಟಿದ್ದೆ.

ಈಗ ಟಚ್‌ಪ್ಯಾಡಿನ ಹುಟ್ಟಡಗಿಸಲು ನಿರ್ಧರಿಸಿದೆ. ಅದನ್ನು ಬಂದ್ ಮಾಡುವ ಕೀಲಿಯೊಂದಿದೆ. ಒತ್ತಿದೆ. ಬಂದ್ ಆಯಿತೋ ಇಲ್ಲವೋ ಸ್ಕ್ರೀನ್ ರೀಡರ್ ತುಟಿ ಬಿಚ್ಚಲಿಲ್ಲ. ಮೂಲೆಯಲ್ಲಿ ದೀಪ ನೋಡಿ ತಿಳಿದುಕೊಳ್ಳಬೇಕಂತೆ. ದೀಪ! ಯಾವ ಮಹಾನುಭಾವನ ಕರುಣೆಯೋ.

ಪಕ್ಕದ ಮನೆಯ ಮಲ್ಲಮ್ಮಕ್ಕನನ್ನು ಕರೆದೆ.

"ಅಕ್ಕಾ, ಇಲ್ಲಿ ಲೈಟ್ ಹತ್ತೇತೇನು ನೋಡಬೇ."

"ಹತ್ತೇತ್ರಿ ಮಾಸ್ತರ್ರ. ಸಣ್ಣಂದು, ಕೆಂಪಗೈತಿ."

"ಹಂಗಾದ್ರ ಇನ್ನೂ ಚಾಲೂ ಐತಿ ಅಂದಂಗಾತು."

"ಮತ್ತ? ನಮ್ಮ ನೀರಿನ ಮೋಟಾರ ಹಂಗ ನೋಡ್ರಿ. ಲೈಟ್ ಹತ್ತಿದ್ರ ನೀರು ಬರ್ತಾವು."

ತರ್ಕ ನಿರ್ವಿವಾದ. ಮತ್ತೊಮ್ಮೆ ಕೀಲಿ ಒತ್ತಿದೆ.

"ಈಗ ಆರೇತ್ರಿ" ಎಂದಳು.

ಶತ್ರು ಸತ್ತನೆಂದು ತಿಳಿದು ಅರ್ಜಿಗೆ ಕುಳಿತೆ. ನಡುವೆ ಎರಡು ಸಲ ಪುಟ ಜಿಗಿಯಿತು. ನೆಟ್‌ವರ್ಕ್ ಸರಿಯಿಲ್ಲ ಎಂದುಕೊಂಡೆ. ಕೊನೆಗೆ ಶಾಲೆಗಳ ಪಟ್ಟಿ ಬಂತು: ಊರು ಮೊದಲು, ಜಿಲ್ಲೆ ಕೊನೆಗೆ. ಬಾಣದ ಕೀಲಿಯಿಂದ ಇಳಿಯುತ್ತ ಹೋದೆ. "ಮಂಗಳೂರು, ಸರ್ಕಾರಿ ಪ್ರೌಢಶಾಲೆ, ಕೊಪ್ಪಳ ಜಿಲ್ಲೆ" ಎಂದಿತು. ಪೂರ್ತಿ ಕೇಳಿದೆ. ಎಂಟರ್ ಒತ್ತಲು ಕೈ ಚಾಚಿದಾಗ ಅಂಗೈ ಕೆಳಗೆ ಒರಸಿತೋ ಏನೋ, ಮತ್ತೆ "ಮಂಗಳೂರು" ಎಂದಿತು.

ಇಲ್ಲಿ ನಮ್ಮವರ ಒಂದು ಚಟ ಹೇಳಬೇಕು. ಸ್ಕ್ರೀನ್ ರೀಡರ್ ಬಳಸುವವರು ಅದರ ಮಾತನ್ನು ಪೂರ್ತಿ ಕೇಳುವುದಿಲ್ಲ. ಮೊದಲ ಪದ ಕಿವಿಗೆ ಬಿದ್ದ ಕೂಡಲೇ ಬಾಯಿ ಮುಚ್ಚಿಸಿ ಮುಂದೆ ಹೋಗುತ್ತೇವೆ. ನಾನಂತೂ ಇದರಲ್ಲಿ ಪ್ರವೀಣ. "ಮಂಗಳೂರು" ಎಂದಿತು, ಒತ್ತಿದೆ. "ನಿಮ್ಮ ಆಯ್ಕೆ ಮಂಗಳೂರು" ಎಂದಿತು, ಒತ್ತಿದೆ. "ಅರ್ಜಿ ಯಶಸ್ವಿಯಾಗಿ ಸಲ್ಲಿಕೆಯಾಗಿದೆ" ಎಂಬುದನ್ನು ಮಾತ್ರ ಎರಡು ಸಲ ಪೂರ್ತಿ ಕೇಳಿ, ಪ್ರತಿಯನ್ನು ಹೆಮ್ಮೆಯಿಂದ ಶೋಭಾಳಿಗೆ ಕಳಿಸಿದೆ.

ಮಧ್ಯಾಹ್ನ ಊಟದ ಹೊತ್ತಿಗೆ ಅವಳ ಫೋನ್ ಬಂತು.

"ನಿಮಗ ಈಜಾಕ ಬರ್ತೈತೇನ್ರಿ?"

"ಯಾಕ?"

"ಸಮುದ್ರದ ದಂಡಿಗೆ ಹೊಂಟೀರಿ, ಅದಕ್ಕ ಕೇಳಿದೆ."

"ಏನ್ ಮಾತಾಡ್ತಿ ಶೋಭಾ? ಮಂಗಳೂರ ಹಾಕೀನಿ."

"ಮಂಗಳೂರನ ಹಾಕೀರಿ. ಮುಂದ ದಕ್ಷಿಣ ಕನ್ನಡ ಜಿಲ್ಲಾ ಅಂತ ಬರದೈತಿ."

ನನ್ನ ಬಾಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು.

"ಭೂಗೋಳ ಕಲಿಸೋ ಮಾಸ್ತರ ಅಂತ ನಂಬಿ ಕೊಟ್ಟ ನಮ್ಮಪ್ಪ" ಎಂದಳು. ನಾನು ನಗಲು ಹೊರಟೆ. ಆದರೆ ಅವಳ ದನಿ ಬದಲಾಗಿತ್ತು. "ಖರೇ ಹೇಳ್ತೀನ್ರಿ, ಇನ್ನ ಹಿಂಗ ವರ್ಷಗಟ್ಟಲೆ ನನ್ನ ಕೈಲೆ ಆಗೂದಿಲ್ಲ. ಡ್ಯೂಟಿ ಮುಗಿಸಿ ಬಂದು ಒಬ್ಬಾಕಿನ ಕುಂತು ಉಣ್ಣೂದು ಸಾಕಾಗೇತಿ."

ಫೋನ್ ಇಟ್ಟಳು.

ನಿಯಮ ಹೀಗಿತ್ತು: ತಿದ್ದುಪಡಿಗೆ ಒಂದೇ ಅವಕಾಶ, ಸೋಮವಾರ ಸಂಜೆ ಐದರವರೆಗೆ. ಆದೇಶ ಬಂದರೆ ಹೋಗಿ ಸೇರಲೇಬೇಕು. ದೀಪ ಆರಿದರೂ ಟಚ್‌ಪ್ಯಾಡ್ ಬದುಕಿದೆ, ಕೀಲಿಯೇ ಕೆಟ್ಟಿರಬೇಕು ಎಂದುಕೊಂಡೆ. ಭಾನುವಾರ ಮಧ್ಯಾಹ್ನವೆಲ್ಲ ಎರಡೂ ಮಣಿಕಟ್ಟುಗಳನ್ನು ಗಾಳಿಯಲ್ಲಿ ತೇಲಿಸಿ, ಬಿಸಿ ಹಂಚಿನ ಮೇಲೆ ಬೆರಳಾಡಿಸುವವನಂತೆ ಪ್ರಯತ್ನಿಸಿದೆ. ಕೈ ಸೋತು ಇಳಿಯಿತು. ಕ್ಲಿಕ್. ಪುಟ ಮಾಯ. ಮತ್ತೆ ಏರಿಸಿದೆ. ಈ ಬಾರಿ ಮೇಜಿಗೆ ಒರಗಿದ ಹೊಟ್ಟೆ ತಾಗಿತು. ತಿದ್ದುಪಡಿಯ ಗುಂಡಿಯವರೆಗೆ ಹೋಗಲು ಧೈರ್ಯ ಬರಲಿಲ್ಲ. ಇನ್ನೊಂದು ಒರಸು, ನಾನು ಬೀದರಿನಲ್ಲಿರುತ್ತಿದ್ದೆ.

ಸೋಮವಾರ ಶಾಲೆಗೆ ರಜೆ ಹಾಕಿ, ಲ್ಯಾಪ್‌ಟಾಪನ್ನು ಕಂಕುಳಲ್ಲಿ ಇರುಕಿಕೊಂಡು ರಿಪೇರಿ ಅಂಗಡಿಗೆ ಹೋದೆ.

"ಭಾಳ ಸರಳ ಐತ್ರಿ ಸರ್" ಎಂದ ಅಂಗಡಿಯವನು. "ಸೆಟಿಂಗ್ಸ್‌ನ್ಯಾಗ ಹೋಗ್ರಿ. ಬಲಕ್ಕ ನೀಲಿ ಬಟನ್ ಕಾಣಸ್ತೈತಲ್ರಿ?"

"ಕಾಣಸೂದಿಲ್ರಿ."

"ಸ್ವಲ್ಪ ಕೆಳಗ ನೋಡ್ರಿ."

"ಕೆಳಗೂ ಕಾಣಸೂದಿಲ್ರಿ. ಕೈಯಾಗಿನ ಕೋಲು ನೋಡ್ರಿ ನೀವು."

ಅವನು ಕೋಲು ನೋಡಿರಬೇಕು. ಕುರ್ಚಿ ಎಳೆದು ಕೂರಿಸಿದ. ನಾನು ಕೀಲಿಯ ಕಥೆ, ದೀಪದ ಕಥೆ, ಮೋಟಾರಿನ ಕಥೆ ಎಲ್ಲ ಹೇಳಿದೆ.

"ಅಯ್ಯ ಸರ್, ಇದು ಉಲ್ಟಾ ಐತ್ರಿ. ಲೈಟ್ ಹತ್ತಿದ್ರ ಬಂದ್ ಆಗೇತಿ ಅಂತ. ಆರಿದ್ರ ಚಾಲೂ."

ನನ್ನ ಸಿಟ್ಟಿಗೆ ಭಾಷೆ ಸಾಲಲಿಲ್ಲ. ಕೆಲಸ ನಿಲ್ಲಿಸಿದ್ದಕ್ಕೆ ದೀಪ ಹಚ್ಚಿ ಸಂಭ್ರಮಿಸುವ ಯಂತ್ರವನ್ನು ಯಾವ ತಲೆ ಯೋಚಿಸಿತು? ಇದನ್ನು ತಯಾರಿಸಿದವರ ಮನೆಯಲ್ಲಿ ಮೋಟಾರ್ ಇಲ್ಲವೇ? ಮೊದಲ ಸಲ ಒತ್ತಿದಾಗಲೇ ಸತ್ತಿದ್ದ ಶತ್ರುವನ್ನು ನಾನೇ, ಸಾಕ್ಷಿ ಸಮೇತ, ಬದುಕಿಸಿದ್ದೆ.

ಅವನು ಕೀಲಿ ಒತ್ತಿದ. "ಹತ್ತೇತ್ರಿ. ಕೊಡ್ರಿ, ನಾನ ತುಂಬಿ ಕೊಡ್ತೀನಿ."

"ಬ್ಯಾಡ್ರಿ. ನಾನ ತುಂಬ್ತೀನಿ."

ತುಂಬಿದೆ. ಜನ್ಮದಲ್ಲಿ ಮೊದಲ ಬಾರಿಗೆ ಪ್ರತಿ ಸಾಲನ್ನೂ ಪೂರ್ಣವಿರಾಮದವರೆಗೆ ಕೇಳಿದೆ. "ಮಂಗಳೂರು, ಸರ್ಕಾರಿ ಪ್ರೌಢಶಾಲೆ, ಕೊಪ್ಪಳ ಜಿಲ್ಲೆ." ಬೆರಳು ಎಂಟರ್ ಮೇಲಿತ್ತು. ಒತ್ತಲಿಲ್ಲ. ಕಾಲು ಗಂಟೆಯ ಉಪನ್ಯಾಸವನ್ನು ನುಂಗಿಕೊಂಡು ಕೇಳಿದೆ:

"ಸ್ವಲ್ಪ ಓದ್ರಿ ಇಲ್ಲಿ. ಏನ್ ಬರದೈತಿ?"

"ಕೊಪ್ಪಳ ಐತ್ರಿ ಸರ್."

"ಇನ್ನೊಮ್ಮೆ ಓದ್ರಿ."

"ಇನ್ನೊಮ್ಮಿ ಓದಿದ್ರೂ ಕೊಪ್ಪಳನ ಐತ್ರಿ."

ಒತ್ತಿದೆ.

ಆದೇಶ ಬರುವವರೆಗೆ ನಾನು ನೆಟ್ಟಗೆ ಮಲಗಲಿಲ್ಲ. ಕಣ್ಣು ಮುಚ್ಚಿದರೆ "ಯಶಸ್ವಿಯಾಗಿ ಸಲ್ಲಿಕೆಯಾಗಿದೆ" ಎಂಬ ದನಿ. ಕೊನೆಗೂ ಆದೇಶ ಬಂತು, ಜಿಲ್ಲೆ ಸರಿಯಿತ್ತು. ಒಂದು ಬುಧವಾರ ಸಾಮಾನು ಹೇರಿಕೊಂಡು ಶೋಭಾಳ ಮನೆಗೆ ಹೋಗಿ ಇಳಿದೆ. ಇಬ್ಬರೂ ಕೂಡಿ ಉಂಡೆವು. ಅವಳು ಎರಡು ರೊಟ್ಟಿ ಹೆಚ್ಚಿಗೆ ತಿಂದಳು. ಅಂದು ಮಲಗಿದವನಿಗೆ ಎಚ್ಚರವಾದದ್ದು ಬೆಳಗ್ಗೆಯೇ.

"ನಿದ್ದಿ ಆತೇನ್ರಿ?" ಎಂದಳು.

"ಭಾಳ ಛಲೋ ಆತು. ನಿನಗ?"

"ವಾರಕ್ಕೊಂದಿನ ಆ ಗೊರಕಿ ಹೆಂಗರೆ ತಡಕೊಂತಿದ್ದೆ. ದಿನಾ ಅಂದ್ರ ಹೆಂಗ್ರಿ?"

ಗುರುವಾರ ಸಂಜೆ ನನ್ನ ಹಾಸಿಗೆ ಪಡಸಾಲೆಗೆ ವರ್ಗವಾಯಿತು. ಅದಕ್ಕೆ ಅವಳು ಅರ್ಜಿ ಕೇಳಲಿಲ್ಲ.