ಮುನ್ನೂರ ಹನ್ನೆರಡು ನೊಣಗಳು

ಎಲ್ಲಕ್ಕೂ ಕಾರಣ, ಆ ಭಾನುವಾರ ಬೆಳಿಗ್ಗೆ ಹೆಡ್‌ಮೇಷ್ಟ್ರಿಗೆ ಮೀನು ಹಿಡಿಯುವುದನ್ನು ಕಲಿಯಬೇಕು ಅನ್ನಿಸಿದ್ದು.

ನಿವೃತ್ತರಾಗಿ ಒಂಬತ್ತು ವರ್ಷವಾಗಿದ್ದರೂ ಬೀದಿಯವರೆಲ್ಲ ಅವರನ್ನು ಹೆಡ್‌ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಅವರೂ ಇಡೀ ಬೀದಿಯನ್ನು ತಮ್ಮ ಶಾಲೆಯೆಂದೇ ತಿಳಿದಿದ್ದರು. ಮೇಲಿನ ಮಹಡಿಯ ವಾಚಣ್ಣ ಗಾಳದ ಕೋಲು, ತಗಡಿನ ಡಬ್ಬ ಹಿಡಿದು ಮೆಟ್ಟಿಲಿಳಿದು ಬರುವುದನ್ನೇ ಕಾದಿದ್ದು, ಬಾಗಿಲಿಗೆ ಅಡ್ಡ ನಿಂತರು.

"ಏನ್ರೀ ವಾಚಣ್ಣ, ಒಬ್ಬರೇ ಹೊರಟಿರಾ? ಇವತ್ತು ನಾನೂ ಬರ್ತೀನಿ."

"ಬಿಸಿಲು ಜಾಸ್ತಿ ಇರುತ್ತೆ ಸಾರ್."

"ಟೋಪಿ ಇದೆ."

"ಸುಮ್ಮನೆ ಕೂತು ಕೂತು ಬೇಜಾರಾಗುತ್ತೆ."

"ಮೂವತ್ತೆಂಟು ವರ್ಷ ಪರೀಕ್ಷೆ ಕೊಠಡೀಲಿ ಸುಮ್ಮನೆ ಕೂತಿದ್ದೀನಿ. ನನಗೆ ಹೇಳ್ತೀರಾ?"

ವಾಚಣ್ಣನಿಗೆ ಯಾರ ಮುಖಕ್ಕೂ 'ಇಲ್ಲ' ಎಂದು ಹೇಳಲು ಬರುತ್ತಿರಲಿಲ್ಲ. ಬೀದಿಯ ತುದಿಯ ಗೂಡಂಗಡಿಯಲ್ಲಿ ಕೂತು ಗಡಿಯಾರ ರಿಪೇರಿ ಮಾಡುವುದು ಅವನ ಕೆಲಸ. ನೀರು ಕುಡಿದು ಸತ್ತ ವಾಚನ್ನು ತಂದು "ಸಂಜೆಗೆ ಬೇಕು" ಎಂದವರಿಗೂ "ಆಗಲಿ" ಎಂದೇ ಹೇಳಿ ಆಮೇಲೆ ಬೈಸಿಕೊಳ್ಳುವವನು. ಐವತ್ತೆಂಟರ ವಯಸ್ಸು, ಗಡಿಯಾರದ ದೊಡ್ಡ ಮುಳ್ಳಿನ ಹಾಗೆ ಉದ್ದಕ್ಕೆ, ತೆಳ್ಳಗೆ ಇದ್ದ. ಮಕ್ಕಳಿರಲಿಲ್ಲ. ಹೆಂಡತಿ ತೀರಿಕೊಂಡು ಎಂಟು ತಿಂಗಳಾಗಿತ್ತು.

ಕೆರೆಯ ದಾರಿಯಲ್ಲೇ ಹೆಡ್‌ಮೇಷ್ಟ್ರು ಡಬ್ಬ ಇಸಿದುಕೊಂಡು ಮುಚ್ಚಳ ತೆಗೆದರು. ಒಳಗೆ ಮೂರು ಅಂತಸ್ತು. ಪ್ರತಿ ಅಂತಸ್ತಿನಲ್ಲೂ ಸಾಲುಸಾಲು ಹುಸಿನೊಣಗಳು. ಸಣ್ಣ ಕೊಕ್ಕೆಗೆ ಪುಕ್ಕ, ದಾರ, ಕೂದಲು ಸುತ್ತಿ, ನೀರಿನ ಮೇಲೆ ಬಿದ್ದರೆ ನಿಜವಾದ ನೊಣವೆಂದೇ ಮೀನು ನಂಬಬೇಕು, ಹಾಗೆ ಕಟ್ಟಿದವು. ಕೆಂಪು, ಹಸಿರು, ಮಿಂಚಿನವು, ಮೀಸೆಯವು.

"ಎಷ್ಟಿವೆ?"

"ಮುನ್ನೂರ ಹನ್ನೊಂದು. ಟೋಪೀಲಿ ಒಂದಿದೆ. ಒಟ್ಟು ಮುನ್ನೂರ ಹನ್ನೆರಡು."

"ಎಲ್ಲಾ ಬಳಸ್ತೀರಾ?"

"ಇಲ್ಲ ಸಾರ್. ಟೋಪೀದು ಮಾತ್ರ."

ಹೆಡ್‌ಮೇಷ್ಟ್ರು ದಾರಿಯ ಮಧ್ಯೆ ನಿಂತೇಬಿಟ್ಟರು. ಇಷ್ಟು ದೊಡ್ಡ ತರಗತಿಯಲ್ಲಿ ಒಬ್ಬ ಹುಡುಗನನ್ನೇ ದಿನಾ ಪ್ರಶ್ನೆ ಕೇಳುವ ಮೇಷ್ಟ್ರನ್ನು ಕಂಡಷ್ಟು ಸಿಟ್ಟು ಬಂದಿತ್ತು ಅವರಿಗೆ.

ವಾಚಣ್ಣನ ಟೋಪಿಗೆ ಸಿಕ್ಕಿಸಿದ್ದ ಆ ನೊಣ ನೋಡಲು ಏನೂ ಇರಲಿಲ್ಲ. ಬೂದು ಕೂದಲು, ಕಪ್ಪು ದಾರ, ಅಷ್ಟೇ. ಅದನ್ನು ಕಟ್ಟಿದವಳು ಹೆಂಡತಿ. ಅವನ ಗಡಿಯಾರದ ಚಿಮಟವನ್ನೇ ಹಿಡಿದು, ತನ್ನ ಬಾಚಣಿಗೆಯಲ್ಲಿ ಉಳಿದು ಕೂಡಿಟ್ಟ ಕೂದಲನ್ನು ಸುತ್ತಿ ಕಟ್ಟುತ್ತಿದ್ದಳು. ಅಂಗಡಿಯಿಂದ ತಂದ ಯಾವ ನೊಣಕ್ಕೂ ಮೂಗು ಮುರಿಯುವ ಮೀನು ಅವಳ ಬೂದು ನೊಣಕ್ಕೆ ಓಡಿ ಬರುತ್ತಿತ್ತು. ಕೊನೆಯ ಸಲ ಆಸ್ಪತ್ರೆಗೆ ಹೋಗುವ ಹಿಂದಿನ ದಿನ ಅಂಥವು ಮೂರನ್ನು ಅವನ ಅಂಗೈಗೆ ಹಾಕಿದ್ದಳು. ಒಂದನ್ನು ಮೀನು ಕಿತ್ತುಕೊಂಡು ಹೋಯಿತು. ಒಂದು ಜೊಂಡಿನಲ್ಲಿ ಕಳೆಯಿತು. ಉಳಿದದ್ದು ಇದು. ರಾತ್ರಿ ಇದರ ಜಾಗ ದಿಂಬಿನ ಪಕ್ಕದ ಬೆಂಕಿಪೊಟ್ಟಣ. ದೀಪ ಆರಿಸುವ ಮುಂಚೆ ಪೊಟ್ಟಣಕ್ಕೊಂದು ಮಾತು ಹೇಳಿಯೇ ಮಲಗುತ್ತಿದ್ದ.

ಇದನ್ನೆಲ್ಲ ಅವನು ಹೆಡ್‌ಮೇಷ್ಟ್ರಿಗೆ ಹೇಳಲಿಲ್ಲ. ಕೆರೆಯ ದಂಡೆಯಲ್ಲಿ, ಮೊಣಕಾಲುದ್ದ ನೀರೂ ಇಲ್ಲದ ಕಡೆ ಹೋಗಿ ಕೂತ. ಟೋಪಿಯ ನೊಣವನ್ನು ದಾರಕ್ಕೆ ಕಟ್ಟಿ, ತೊಟ್ಟಿಲು ತೂಗಿದಷ್ಟು ಮೆಲ್ಲಗೆ ನೀರಿಗಿಳಿಸಿದ.

"ಇಲ್ಲಿ ಮೀನು ಇದೆಯೇನ್ರೀ?"

"ಇಲ್ಲ ಸಾರ್."

"ಮತ್ತೆ ಇಲ್ಯಾಕೆ ಕೂತಿರಿ?"

ವಾಚಣ್ಣ ದಾರದ ಮೇಲಿಂದ ಕಣ್ಣು ತೆಗೆಯದೆ, "ಮೀನು ಕಚ್ಚಿಬಿಟ್ರೆ ಅಂತ ಭಯ," ಎಂದ.

ಹೆಡ್‌ಮೇಷ್ಟ್ರ ಸಹನೆಯ ಕಟ್ಟೆ ಒಡೆಯಿತು. "ಕೊಡಿ ಇಲ್ಲಿ!" ಎಂದು ಕೋಲು ಕಿತ್ತುಕೊಂಡರು. ವಾಚಣ್ಣ "ಸಾರ್, ಅದು..." ಎನ್ನುವಷ್ಟರಲ್ಲಿ ತಪ್ಪು ಲೆಕ್ಕ ಮಾಡಿದವನ ಬೆನ್ನಿಗೆ ಬೆತ್ತ ಬೀಸುವ ಹಾಗೆ ಕೋಲು ಬೀಸಿದರು. ದಾರ ಸುಯ್ಯೆಂದು ಹಿಂದಕ್ಕೆ ಹಾರಿ, ನೀರಿನ ಮೇಲೆ ಬಾಗಿದ್ದ ಮರದ ತುದಿಕೊಂಬೆಗೆ ಮೂರು ಸುತ್ತು ಸುತ್ತಿಕೊಂಡಿತು.

"ಗಾಳಿ," ಎಂದರು ಹೆಡ್‌ಮೇಷ್ಟ್ರು. ಗಾಳಿ ಇರಲಿಲ್ಲ.

ಜನ ಸೇರುವುದಕ್ಕೆ ಎಷ್ಟು ಹೊತ್ತು? ವಾಕಿಂಗಿಗೆ ಬಂದವರೆಲ್ಲ ಮರದ ಕೆಳಗೆ ನಿಂತರು. ಎಳೀರಿ ಎಂದರೊಬ್ಬರು. ಎಳೀಬೇಡಿ, ಕಿತ್ತುಹೋಗುತ್ತೆ ಎಂದರು ಇನ್ನೊಬ್ಬರು. ಹೆಡ್‌ಮೇಷ್ಟ್ರು ಎರಡನ್ನೂ ಒಪ್ಪಿ, ಅರ್ಧ ಎಳೆದರು. ಕೋಲಿನ ತುದಿ ಲಟಕ್ಕನೆ ಮುರಿಯಿತು.

"ದಾರ ಕತ್ತರಿಸಿ ಬಿಸಾಕ್ರೀ. ಡಬ್ಬದ ತುಂಬ ಇಟ್ಟಿದ್ದೀರಲ್ಲ!" ಎಂದರು ಹೆಡ್‌ಮೇಷ್ಟ್ರು.

ವಾಚಣ್ಣ ಚಪ್ಪಲಿ ಬಿಟ್ಟು ಮರ ಹತ್ತತೊಡಗಿದ. ಮರ ಹತ್ತಿ ನಲವತ್ತು ವರ್ಷವಾಗಿತ್ತು. ಮೈ ಮರೆತಿದ್ದರೂ ಮನಸ್ಸು ಮರೆತಿರಲಿಲ್ಲ. ಎರಡನೆಯ ಕವಲಿಗೆ ಬರುವಷ್ಟರಲ್ಲಿ ಪ್ಯಾಂಟು ಹಿಂದುಗಡೆ ಪರ್ರೆಂದು ಹರಿದು, ಕಾಲು ಕವಲಿನಲ್ಲಿ ಸಿಕ್ಕಿಕೊಂಡಿತು. ಮೇಲೂ ಇಲ್ಲ, ಕೆಳಗೂ ಇಲ್ಲ. ನಿಂತುಹೋದ ಗಡಿಯಾರ.

"ಬಲಗಾಲು ತೆಗೀರಿ!" ಹೆಡ್‌ಮೇಷ್ಟ್ರು ಕೆಳಗಿನಿಂದ ಕೂಗಿದರು. "ಬಲಗಾಲು ಅಂದ್ರೆ ನಿಮ್ಮ ಬಲ, ನನ್ನ ಬಲ ಅಲ್ಲ!"

"ಏನು ಸಿಕ್ಕಿಹಾಕ್ಕೊಂಡಿದೆಯಂತೆ?" ಹೊಸದಾಗಿ ಬಂದ ಹೆಂಗಸೊಬ್ಬರು ಕೇಳಿದರು.

"ನೊಣವಂತೆ."

"ನೊಣ ಹಿಡಿಯೋಕೆ ಮರ ಹತ್ತಿದಾರಾ?"

"ಪಾಪ, ಹೆಂಡ್ತಿ ಹೋದ ಮೇಲೆ ಹೀಗಾಗಿದೆ," ಎಂದಿತು ಒಂದು ದನಿ. ಆ ಮಾತು ಮೇಲಿದ್ದವನಿಗೂ ಕೇಳಿಸಿತು. ಅವನು ತೊಗಟೆಗೆ ಕೆನ್ನೆ ಒತ್ತಿ, ಕೆರೆಯ ಕಡೆ ಮುಖ ತಿರುಗಿಸಿಕೊಂಡ.

ಮುಕ್ಕಾಲು ಗಂಟೆ ಕಳೆಯಿತು. ನೋಡುವುದಕ್ಕೆ ಹೊಸದೇನೂ ಇಲ್ಲವೆಂದು ಜನ ಚದುರಿದರು. ಆ ಹೊತ್ತಿಗೆ ಬೀದಿದೀಪ ಸರಿಮಾಡುತ್ತಿದ್ದ ಲೈನ್‌ಮನ್ ಒಬ್ಬ ತನ್ನ ಏಣಿ ಹೊತ್ತು ಬಂದ. ವಾಚಣ್ಣನ ಕಾಲು ಬಿಡಿಸಿ, ಮಗುವನ್ನಿಳಿಸುವ ಹಾಗೆ ಸೊಂಟ ಹಿಡಿದು ಇಳಿಸಿದ. ಆಮೇಲೆ ಕೊಂಬೆಯ ತುದಿ ನೋಡಿ ತಲೆಯಾಡಿಸಿದ.

"ಅಲ್ಲಿಗೆ ಏಣಿ ಹೋಗಲ್ಲ ಸ್ವಾಮಿ. ಕೊಂಬೆ ಮೇಲೆ ತೆವಳಬೇಕು. ಬಿದ್ರೆ ನೀರಿಗೇ." ಅಷ್ಟರಲ್ಲಿ ಅವನ ಕಣ್ಣು ತೆರೆದ ಡಬ್ಬದ ಮೇಲೆ ಬಿತ್ತು. ಅವನೂ ಗಾಳದ ಹುಚ್ಚಿನವನು. ಅಂಗಡಿಯ ಗಾಜಿಗೆ ಮೂಗು ಒತ್ತಿದವನ ಹಾಗೆ ಬಗ್ಗಿ ನೋಡಿ, "ಈ ಡಬ್ಬ ನನಗೆ ಕೊಡ್ತೀನಿ ಅನ್ನಿ, ಈಗಲೇ ಹೋದೆ," ಎಂದು ನಕ್ಕ.

"ತಗೊಳ್ಳಿ," ಎಂದ ವಾಚಣ್ಣ.

"ತಮಾಷೆಗಂದೆ ಸ್ವಾಮಿ."

"ನಾನು ತಮಾಷೆ ಮಾಡ್ತಿಲ್ಲ. ಅದರಲ್ಲಿ ನನಗೆ ಬೇಕಾದ್ದು ಒಂದೂ ಇಲ್ಲ. ನಿಜವಾಗ್ಲೂ ತಗೊಳ್ಳಿ."

ಲೈನ್‌ಮನ್ ತೆವಳಿದ. ಕೊಂಬೆ ಬಿಲ್ಲಿನ ಹಾಗೆ ಬಗ್ಗಿತು. ಹತ್ತು ನಿಮಿಷದ ಮೇಲೆ ಬೂದು ನೊಣ ವಾಚಣ್ಣನ ಅಂಗೈಗೆ ಬಂತು, ಡಬ್ಬ ಲೈನ್‌ಮನ್ನನ ಕಂಕುಳಿಗೆ ಹೋಯಿತು.

"ಮುನ್ನೂರ ಹನ್ನೊಂದು ಕೊಟ್ಟು ಒಂದು ತಗೊಂಡಿರಿ," ಎಂದರು ಹೆಡ್‌ಮೇಷ್ಟ್ರು ದಾರಿಯುದ್ದಕ್ಕೂ. "ಯಾವ ಗಣಿತಾರೀ ಇದು?"

ವಾಚಣ್ಣನಿಗೆ ಮಾತ್ರ ಎಂಟು ತಿಂಗಳಲ್ಲಿ ಮೊದಲ ಸಲ ಎದೆ ಹಗುರಾಗಿತ್ತು. ಹರಿದ ಪ್ಯಾಂಟು ಬದಲಿಸುವುದನ್ನೂ ಮರೆತು, ಅದರ ಮೇಲೆ ಟವೆಲು ಸುತ್ತಿಕೊಂಡೇ, ಮಧ್ಯಾಹ್ನ ಮೂರರ ಸುಮಾರಿಗೆ ಗೆಳೆಯನ ಕ್ಷೌರದಂಗಡಿಗೆ ಹೋದ. ಗೂಡಂಗಡಿಗೂ ಕ್ಷೌರದಂಗಡಿಗೂ ನಡುವೆ ಒಂದೇ ಗೋಡೆ. ಮೂವತ್ತು ವರ್ಷದ ಸ್ನೇಹ. ಕುರ್ಚಿಯಲ್ಲಿ ಗಿರಾಕಿಯೊಬ್ಬ ಮುಖದ ತುಂಬ ಸೋಪು ಬಳಿಸಿಕೊಂಡು ನಿದ್ದೆಹೋಗಿದ್ದ. ವಾಚಣ್ಣ ಬೆಳಗಿನ ಕತೆಯನ್ನೆಲ್ಲ ಹೇಳಿದ. ಪ್ಯಾಂಟು ಹರಿದಲ್ಲಿಗೆ ಕ್ಷೌರಿಕ ಗೆಳೆಯ ಹೊಟ್ಟೆ ಹಿಡಿದುಕೊಂಡು ನಕ್ಕ. ಡಬ್ಬ ಕೊಟ್ಟಲ್ಲಿಗೆ ಅವನ ಕತ್ತಿ ಗಿರಾಕಿಯ ಕೆನ್ನೆಯ ಮೇಲೆ ಹಾಗೇ ನಿಂತಿತು.

"ಡಬ್ಬ ಕೊಟ್ಟುಬಿಟ್ಯಾ?"

"ಹೋಗಲಿ ಬಿಡೋ. ಇವಳು ಕಟ್ಟಿದ್ದು ಉಳೀತಲ್ಲ."

ಗೆಳೆಯ ಕತ್ತಿ ಕೆಳಗಿಟ್ಟ. ಕೈ ಒರೆಸಿಕೊಂಡ. ಮತ್ತೊಮ್ಮೆ ಒರೆಸಿಕೊಂಡ.

"ಅದು ಅತ್ತಿಗೆ ಕಟ್ಟಿದ್ದಲ್ಲ ಕಣೋ."

"ಮತ್ತೆ?"

"ನಾನು ಕಟ್ಟಿದ್ದು. ಆ ಮೂರೂ ನಾನೇ ಕಟ್ಟಿದ್ದು. ಅದಕ್ಕೂ ಮುಂಚೆ ಎರಡು ವರ್ಷದಿಂದ ನಾನೇ ಕಟ್ತಿದ್ದೆ." ಅವನು ಕನ್ನಡಿಯನ್ನು ನೋಡಿಕೊಂಡು ಮಾತಾಡುತ್ತಿದ್ದ. "ಕಾಯಿಲೆ ಶುರುವಾದ ಮೇಲೆ ಅವರ ಕೈ ನಡುಗ್ತಿತ್ತಲ್ಲ. ಒಂದಿನ ನೀನು ಕೆರೆಗೆ ಹೋದಾಗ ಇಲ್ಲಿಗೆ ಬಂದ್ರು. ಈ ಬೆಂಚಿನ ಮೇಲೆ ಕೂತು ಹೇಗೆ ಸುತ್ತಬೇಕು ಅಂತ ಹೇಳಿಕೊಟ್ರು. 'ಅವರಿಗೆ ಗೊತ್ತಾಗಬಾರದು ಕಣಪ್ಪ. ಈ ನೊಣ ಇಲ್ಲದಿದ್ರೆ ಕೆರೆಗೆ ಹೋಗೋದನ್ನೇ ಬಿಡ್ತಾರೆ. ವಾರಕ್ಕೊಂದು ದಿನನಾದ್ರೂ ಅವರು ನನ್ನ ಕಾಯಿಲೆ ಮುಖ ಬಿಟ್ಟು ಬೇರೆ ಏನಾದ್ರೂ ನೋಡ್ಲಿ' ಅಂದ್ರು. ಆಣೆ ಹಾಕಿಸಿಕೊಂಡಿದ್ರು. ಡಬ್ಬ ಕೊಡದೇ ಇದ್ದಿದ್ರೆ ಸಾಯೋವರೆಗೂ ಹೇಳ್ತಿರಲಿಲ್ಲ."

ವಾಚಣ್ಣ ಅಂಗೈಯಲ್ಲಿದ್ದ ನೊಣವನ್ನು ನೋಡಿಕೊಂಡ. "ಕೂದಲು?"

"ಔಷಧಿಗೆ ಅವರ ಕೂದಲೆಲ್ಲ ಉದುರಿಹೋಗಿತ್ತಲ್ಲೋ. ಕೂಡಿಟ್ಟದ್ದೂ ಮುಗಿದಿತ್ತು."

"ಮತ್ತೆ ಇದು ಯಾರದು?"

ಗೆಳೆಯ ನೆಲ ನೋಡಿದ. ಆ ನೆಲದ ಮೇಲೆ ಇಡೀ ಬೀದಿಯ ಕೂದಲು ಬೀಳುತ್ತಿತ್ತು. "ಆ ಬಣ್ಣದ್ದು ಒಬ್ಬರದೇ ಇದ್ದದ್ದು ಕಣೋ... ಹೆಡ್‌ಮೇಷ್ಟ್ರದು."

ಎಂಟು ತಿಂಗಳು ದಿನಾ ರಾತ್ರಿ ತಾನು ಮಾತಾಡಿಸಿ ಮಲಗಿದ್ದು ಹೆಡ್‌ಮೇಷ್ಟ್ರ ಕೂದಲನ್ನು. ವಾಚಣ್ಣನಿಗೆ ನಗು ಬಂತು. ನಗುತ್ತಲೇ ಟವೆಲಿನ ತುದಿಯಿಂದ ಕಣ್ಣೊರೆಸಿಕೊಂಡ. ಗೆಳೆಯ ಅವನ ಬೆನ್ನಿನ ಮೇಲೆ ಕೈಯಿಟ್ಟ.

"ಅತ್ತಿಗೆ ತಾವೇ ಕೊನೇಲಿ ಕಟ್ಟಿದ್ದು ಡಬ್ಬದಲ್ಲಿತ್ತು. ಕೆಳಗಿನ ಅಂತಸ್ತಲ್ಲಿ, ಹಳದಿ ದಾರದವು, ನಾಲ್ಕು. ಕೈ ನಡುಗ್ತಿದ್ದಾಗಲೇ ಕೂತು ಕಟ್ಟಿದ್ದು, ಒಂದೊಂದಕ್ಕೆ ಹದಿನೈದು ದಿನ ಹಿಡೀತಂತೆ. ಅಂಗಡೀಲಿ ಸಿಕ್ತು ಅಂತ ನಿನಗೆ ಕೊಟ್ರಂತೆ. ನೀನು 'ಎಷ್ಟು ಸೊಟ್ಟಗಿವೆ, ಅಂಗಡಿಯೋನು ನಿನಗೆ ಚೆನ್ನಾಗಿ ಟೋಪಿ ಹಾಕಿದಾನೆ' ಅಂತ ನಕ್ಕೆಯಂತೆ. ಅವರೂ ನಕ್ಕುಬಿಟ್ರಂತೆ. ಆಮೇಲೇ ನನ್ನ ಹತ್ರ ಬಂದದ್ದು."

ವಾಚಣ್ಣ ಆಗಲೇ ಬೀದಿಗಿಳಿದಿದ್ದ. ಸೊಂಟದ ಟವೆಲು ಒಂದು ಕೈಯಲ್ಲಿ, ಚಪ್ಪಲಿ ಒಂದು ಕೈಯಲ್ಲಿ. ಹಿಂದೆ ಬಿಳಿ ಮೇಲಂಗಿಯಲ್ಲೇ ಗೆಳೆಯ ಓಡಿದ. ಅರ್ಧ ಮುಖ ಬೋಳಿಸಿಕೊಂಡು ಎಚ್ಚರಗೊಂಡ ಗಿರಾಕಿ, "ಇನ್ನರ್ಧ ಯಾರ್ರೀ ಮಾಡೋದು?" ಎಂದು ಬಾಗಿಲವರೆಗೆ ಬಂದು ಕೂಗಿದ.

ಲೈನ್‌ಮನ್ ಕೆಲಸ ಮುಗಿಸಿ ಕೆರೆಯ ಆಚೆ ದಂಡೆಯಲ್ಲೇ ಕೂತಿದ್ದ. ಪಕ್ಕದಲ್ಲಿ ಡಬ್ಬ ತೆರೆದಿತ್ತು. ಇವರನ್ನು ಕಂಡದ್ದೇ ಎದ್ದು ನಿಂತು ಎರಡೂ ಕೈ ಬೀಸಿದ. ಅವನ ಮುಖ ಆಗಷ್ಟೇ ಬೆಳಗಿದ ಪಾತ್ರೆಯ ಹಾಗೆ ಹೊಳೆಯುತ್ತಿತ್ತು.

"ಬನ್ನಿ ಸ್ವಾಮಿ, ನಿಮ್ಮನ್ನೇ ನೆನೆಸಿಕೊಳ್ತಿದ್ದೆ!"

"ಹಳದಿವು," ಎಂದ ವಾಚಣ್ಣ ಏದುಸಿರಲ್ಲಿ. "ಕೆಳಗಿನ ಅಂತಸ್ತಲ್ಲಿ ನಾಲ್ಕು ಹಳದಿವು. ಬಾಕಿ ಎಲ್ಲಾ ಇಟ್ಕೊಳ್ಳಿ. ಅವು ನಾಲ್ಕು..."

"ಅದನ್ನೇ ಹೇಳ್ತಿರೋದು! ಮೊದಲು ಬೇರೆ ಹತ್ತು ಹಾಕಿದೆ, ಒಂದಕ್ಕೂ ಕಚ್ಚಲಿಲ್ಲ. ಆ ಸೊಟ್ಟದ್ದು ಒಂದು ಹಾಕಿ ನೋಡೋಣ ಅಂತ ಹಾಕಿದೆ ನೋಡಿ. ಎಂಥ ಮೀನು ಅಂತೀರಿ! ತೊಡೆ ಗಾತ್ರದ್ದು! ನೀರಲ್ಲಿ ಸೊಟ್ಟಸೊಟ್ಟಕ್ಕೆ ನಡುಗ್ತಾ ಹೋಗುತ್ತಲ್ಲ ಅದು, ಜೀವ ಇರೋ ಹುಳದ ಹಾಗೇ. ನನ್ನದು ಹಳೇ ದಾರ, ಕಿತ್ತುಕೊಂಡು ಹೋಯ್ತು. ಎರಡನೇದು ಹಾಕಿದೆ, ಅದನ್ನೂ ಕಿತ್ತುಕೊಂಡು ಹೋಯ್ತು. ಮೂರನೇದು..."

"ನಾಲ್ಕನೇದು?" ಕೇಳಿದ್ದು ಗೆಳೆಯ.

"ಇದೀಗ ಹೋಯ್ತು. ನೀವು ಆ ತಿರುವಲ್ಲಿ ಬರ್ತಿದ್ರಿ ನೋಡಿ, ಆವಾಗ." ಲೈನ್‌ಮನ್ ಕೆರೆಯ ನಡುವಿಗೆ ಬೆರಳು ತೋರಿಸಿದ. ನೀರಿನ ಮೇಲೆ ಒಂದು ಉಂಗುರ ಅಗಲವಾಗುತ್ತಾ ಹೋಗಿ, ದಂಡೆ ಮುಟ್ಟುವ ಮುಂಚೆಯೇ ಇಲ್ಲವಾಯಿತು.

ವಾಚಣ್ಣ ಅದನ್ನೇ ನೋಡುತ್ತಾ ನಿಂತ.

"ಯಾರು ಸ್ವಾಮಿ ಅವನ್ನ ಕಟ್ಟಿದ್ದು?"

"ನನ್ನ ಹೆಂಡತಿ."

"ಹೌದಾ! ಹಾಗಾದ್ರೆ ಚಿಂತೆ ಇಲ್ಲ ಬಿಡಿ. ಅಮ್ಮನಿಗೆ ಹೇಳಿ ಇನ್ನು ನಾಲ್ಕು ಕಟ್ಟಿಸಿ. ಅಂಥ ಕೈ ನಾನು ಕಂಡೇ ಇಲ್ಲ. ನಾನು ಹಾಗಂದೆ ಅಂತ ಹೇಳಿ. ಹೇಳ್ತೀರಲ್ಲ?"

ಗೆಳೆಯ ಬಾಯಿ ತೆರೆದ. ವಾಚಣ್ಣ ಅವನ ತೋಳು ಹಿಡಿದು ತಡೆದ.

"ಹೇಳ್ತೀನಿ," ಎಂದ. "ಕೇಳಿದ್ರೆ ತುಂಬ ಸಂತೋಷಪಡ್ತಾಳೆ."