ಹೊರಟವರನ್ನು ಎಲ್ಲಿಗೆಂದು ಕೇಳಬಾರದು

ನನ್ನ ಸೋದರಮಾವನಷ್ಟು ದೇಶ ಬಲ್ಲವರು ಮಂಗಳೂರಿನಲ್ಲಿ ಇನ್ನೊಬ್ಬರಿರಲಿಲ್ಲ. ಕಾಶಿಯಲ್ಲಿ ಯಾವ ಘಾಟಿನ ಮೆಟ್ಟಿಲು ಜಾರುತ್ತದೆ, ಮದರಾಸಿನಲ್ಲಿ ಸ್ಟೇಷನ್ನಿನ ಯಾವ ಬಾಗಿಲಿನ ಜಟಕಾದವನು ಬಾಡಿಗೆ ಹೆಚ್ಚು ಕೇಳುತ್ತಾನೆ, ಕೊಲಂಬೊದಲ್ಲಿ ಇಳಿದ ಕೂಡಲೇ ಕೊಡೆ ಬಿಡಿಸಬೇಕೋ ಬೇಡವೋ, ಎಲ್ಲವೂ ಅವರ ನಾಲಗೆಯ ತುದಿಯಲ್ಲಿತ್ತು. ಆದರೆ ಅವರು ಮಂಗಳೂರಿನ ಗಡಿ ದಾಟಿದ್ದನ್ನು ಮಾತ್ರ ಕಂಡವರಿಲ್ಲ! ಹಾಗೆಂದು ಅವರು ಹೊರಡುತ್ತಿರಲಿಲ್ಲವೇ? ದಸರೆಗೊಮ್ಮೆ, ಬೇಸಗೆಗೊಮ್ಮೆ ತಪ್ಪದೆ ಹೊರಡುತ್ತಿದ್ದರು. ಹೊರಡುವುದರಲ್ಲಿ ಅವರನ್ನು ಮೀರಿಸುವವರೇ ಇಲ್ಲ. ತಲುಪುವ ಕೆಲಸವನ್ನು ಬೇರೆಯವರಿಗೆ ಬಿಟ್ಟುಕೊಟ್ಟಿದ್ದರು, ಅಷ್ಟೆ.

ಮಾವ ಹಂಚಿನ ಕಾರ್ಖಾನೆಯಲ್ಲಿ ಗುಮಾಸ್ತರು. ಹಂಚು ಹೋಗಬೇಕಾದ ಊರುಗಳ ಹೆಸರು ಬರೆಯುವುದು ಅವರ ಕೆಲಸ. ಬೆಳಗಿನಿಂದ ಸಂಜೆಯವರೆಗೆ ಬೊಂಬಾಯಿ, ಕರಾಚಿ, ಬಸ್ರಾ ಎಂದು ಬರೆಯುತ್ತಿದ್ದವರಿಗೆ ತಲೆ ತಿರುಗದೆ ಇರುತ್ತದೆಯೇ? ಸಂಜೆ ಕುದ್ರೋಳಿಯ ಮನೆಗೆ ಬಂದು ಕೈಕಾಲು ತೊಳೆದವರೇ ನಿಟ್ಟುಸಿರು ಬಿಡುತ್ತಿದ್ದರು. "ನೋಡು ಮಾರಾಯ, ನಾನು ಕಳಿಸಿದ ಹಂಚು ಬಸ್ರಾದಲ್ಲಿ ಮನೆಯ ಮಾಡು ಹತ್ತಿ ಕೂತುಂಟು. ನಾನು ಇಲ್ಲಿ ಚಾಪೆಯಲ್ಲಿ ಕೂತಿದ್ದೇನೆ." ಅನಂತರ ರೈಲ್ವೆ ಗೈಡನ್ನು ತೆಗೆದು ಕನ್ನಡಕ ಏರಿಸುತ್ತಿದ್ದರು. ಬೇರೆ ಮನೆಗಳಲ್ಲಿ ಆ ಹೊತ್ತಿಗೆ ಭಜನೆ. ಇಲ್ಲಿ ಶೋರನೂರು, ಪೋದನೂರು, ಈರೋಡು, ಜೋಲಾರಪೇಟೆ. ರಾಗವೂ ಸುಮಾರಾಗಿ ಅದೇ.

ಪ್ರವಾಸಕ್ಕೆ ಮುಂಚೆ ಬುತ್ತಿಯ ಪರೀಕ್ಷೆ ನಡೆಯುತ್ತಿತ್ತು. ಅತ್ತೆ ಮುಂಡಕನ ಎಲೆಯ ಸುರುಳಿಯಲ್ಲಿ ಇಡ್ಲಿಯ ಹಿಟ್ಟು ಹೊಯ್ದು ಮೂಡೆ ಬೇಯಿಸಿ ಕೊಡಬೇಕು. ಅದು ಎಲ್ಲಿಯವರೆಗೆ ಹಳಸದೆ ಬರುತ್ತದೆಂದು ಮಾವ ನೋಡಬೇಕು. ಅದಕ್ಕಾಗಿ ಜಗಲಿಯ ಬೆಂಚಿನ ಮೇಲೆ ಹಾಸಿಗೆಸುರುಳಿಗೆ ಒರಗಿ ಕೂತು, ಗಡಿಯಾರವನ್ನೂ ಗೈಡನ್ನೂ ಹೋಲಿಸಿ ನೋಡುತ್ತಾ, "ಶೋರನೂರು ಬಂತು, ಒಂದು ಕೊಡು" ಎನ್ನುತ್ತಿದ್ದರು. ಅತ್ತೆ ಒಲೆಯ ಮುಂದಿನಿಂದ ಎದ್ದು ಬಂದು ಕೊಡುತ್ತಿದ್ದರು. ಮರುದಿನ ನಾನು ಹೋದಾಗ ಅತ್ತೆ ಗಂಭೀರವಾಗಿ ವರದಿ ಒಪ್ಪಿಸುತ್ತಿದ್ದರು. "ಈರೋಡಿನವರೆಗೆ ತೊಂದರೆ ಇಲ್ಲ ಮಗ. ಜೋಲಾರಪೇಟೆಯಲ್ಲಿ ಸ್ವಲ್ಪ ಹುಳಿ ಬಂತು." ಜಗಲಿಯಿಂದ ಇಳಿಯದೆ ಜೋಲಾರಪೇಟೆಯಲ್ಲಿ ಹುಳಿ ತಿಂದ ದಂಪತಿ ಲೋಕದಲ್ಲಿ ಇನ್ನೆಲ್ಲಾದರೂ ಉಂಟೇ?

ಊರಿನವರಿಗೆ ಈ ವಿದ್ಯೆಯ ಮೇಲೆ ಪೂರ್ತಿ ನಂಬಿಕೆ. ಯಾರು ಎಲ್ಲಿಗೆ ಹೊರಟರೂ ಮೊದಲು ಮಾವನ ಜಗಲಿಗೆ ಬರುತ್ತಿದ್ದರು. ಒಮ್ಮೆ ನಮ್ಮ ಪಕ್ಕದ ಮನೆಯ ಮಾಸ್ತರರು ಮದರಾಸಿಗೆ ಹೋಗಿ ಬಂದವರು ಸ್ವಲ್ಪ ಬೇಸರದಿಂದಲೇ ಹೇಳಿದರು. "ನೀವು ಹೇಳಿದ ಸ್ಟೇಷನ್ನಿನಲ್ಲಿ ಇಳಿದು ನೋಡಿದೆ. ಎಡಗಡೆಯಲ್ಲಿ ಕಾಫಿ ಅಂಗಡಿ ಇಲ್ಲ ಮಾರಾಯ್ರೇ."

ಮಾವ ಗೈಡಿನಿಂದ ತಲೆ ಎತ್ತಲೇ ಇಲ್ಲ. "ನೀವು ತಪ್ಪು ಗಾಡಿಯಲ್ಲಿ ಹೋಗಿರಬೇಕು" ಎಂದರು.

ಮದರಾಸನ್ನು ಕಣ್ಣಾರೆ ನೋಡಿ ಬಂದ ಮಾಸ್ತರರು ಒಂದು ಗಳಿಗೆ ಯೋಚಿಸಿ, "ಹಾಗೆಯೂ ಇರಬಹುದು" ಎಂದು ಎದ್ದು ಹೋದರು.

ಇಷ್ಟೆಲ್ಲ ತಯಾರಿಯಾದ ಮೇಲೆ ಪ್ರವಾಸ ಕೆಡುತ್ತಿದ್ದದ್ದು ಹೇಗೆ? ಒಂದೇ ಒಂದು ಶಬ್ದದಿಂದ. ಹೊರಟು ನಿಂತವರನ್ನು 'ಎಲ್ಲಿಗೆ' ಎಂದು ಕೇಳಬಾರದು, ಕೇಳಿದರೆ ಹೋದ ಕೆಲಸ ಆಗುವುದಿಲ್ಲ ಎನ್ನುವುದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ವಿಷಯ. ತಿಳಿಯಲೇಬೇಕೆಂಬ ಚಪಲವಿದ್ದರೆ 'ದೂರವಾ?' ಎಂದು ಕೇಳಿ ತೃಪ್ತಿಪಡಬೇಕು. ಬೇರೆಯವರು ಈ ಶಾಸ್ತ್ರವನ್ನು ಬೇಕಾದಾಗ ಪಾಲಿಸಿ, ಬೇಡವಾದಾಗ ಒಂದು ಲೋಟ ನೀರು ಕುಡಿದು, ಎರಡು ನಿಮಿಷ ಕೂತು ಹೊರಟುಬಿಡುತ್ತಾರೆ. ಮಾವ ಹಾಗಲ್ಲ. ಕೇಳಿತೋ, ಮುಗಿಯಿತು. ಆ ವರ್ಷದ ಆ ಪ್ರವಾಸ ರದ್ದು.

ಹಾಗಾದರೆ ಟಿಕೆಟು ತೆಗೆಯುವುದು ಹೇಗೆ? ಟಿಕೆಟಿನ ಕಿಟಕಿಯಲ್ಲಿ ಕೂತವನು 'ಎಲ್ಲಿಗೆ' ಎಂದು ಕೇಳದೆ ಟಿಕೆಟು ಕೊಡುವುದಾದರೂ ಹೇಗೆ? ಹೊಸದಾಗಿ ಬಂದ ಟಿಕೆಟು ಗುಮಾಸ್ತರೊಬ್ಬರು ಪಾಪ, ವಿಷಯ ತಿಳಿಯದೆ ಕೇಳಿಬಿಟ್ಟರು. ಮಾವ ಮುಖ ಸಣ್ಣ ಮಾಡಿಕೊಂಡು, ನೀಡಿದ ಕೈ ಹಿಂದೆಗೆದು ನೇರವಾಗಿ ಮನೆಗೆ ಬಂದರು. ಕ್ರಮೇಣ ಆ ಗುಮಾಸ್ತರೂ ಪಳಗಿದರು. ಮಾವ ಕಿಟಕಿಯ ಮುಂದೆ ಬಂದರೆ ಬಲು ವಿನಯದಿಂದ "ದೂರವಾ?" ಎನ್ನುತ್ತಿದ್ದರು. "ಸಾಧಾರಣ ದೂರ" ಎಂದು ಹೇಳಿ ಮಾವ ಗಾಡಿಗಳ ವಿಚಾರ ತೆಗೆಯುತ್ತಿದ್ದರು. ಒಂದು ದಿನ ಮಾತ್ರ ಅವರಿಗೂ ಸಾಕಾಗಿರಬೇಕು. "ಈ ದಸರೆಗೆ ಯಾವ ಊರಿಗೆ ಹೋಗುವುದಿಲ್ಲ?" ಎಂದು ಕೇಳಿದರು. ಮಾವ ಇದನ್ನು ಮನೆಯಲ್ಲಿ ಹೇಳಿ ಹೊಟ್ಟೆ ಹಿಡಿದು ನಕ್ಕರು. ನಗಲಿಕ್ಕೆ ಅವರಿಗೆ ಯಾವ ಶಾಸ್ತ್ರವೂ ಅಡ್ಡ ಬರುತ್ತಿರಲಿಲ್ಲ.

ನನ್ನ ಕುತೂಹಲ ಇದಲ್ಲ. ಊರಿನವರೆಲ್ಲ ಮಾವನ ಶಾಸ್ತ್ರ ತಿಳಿದು ಬಾಯಿ ಬಿಗಿ ಹಿಡಿದಿರುವಾಗ, ಪ್ರತಿ ಸಲವೂ ಆ ಶಬ್ದವನ್ನು ಆಡಿ ಕೆಡಿಸುತ್ತಿದ್ದವರು ಯಾರು ಗೊತ್ತೇ? ಸಾಕ್ಷಾತ್ ಅತ್ತೆ! ಪೆಟ್ಟಿಗೆ ಕಟ್ಟಿ, ಬುತ್ತಿ ಕಟ್ಟಿ, ದೇವರಿಗೆ ದೀಪವಿಟ್ಟು, ಮಾವ ಹೊಸ್ತಿಲಿನಿಂದ ಕಾಲು ಹೊರಗಿಡುವ ಹೊತ್ತಿಗೆ, ತಾವೂ ಅದೇ ಪ್ರವಾಸಕ್ಕೆ ಸೀರೆ ಉಟ್ಟು ನಿಂತ ಅತ್ತೆ ಏನೂ ಅರಿಯದವರಂತೆ "ಎಲ್ಲಿಗೆ?" ಎಂದುಬಿಡುತ್ತಿದ್ದರು. ಮಾವ ಸಿಡಿಮಿಡಿಗೊಂಡು, "ನಿನ್ನಿಂದಾಗಿ ಎಲ್ಲ ಹಾಳಾಯಿತು" ಎಂದು ಬಯ್ದು ಒಳಗೆ ಬಂದು ಪೆಟ್ಟಿಗೆ ಬಿಚ್ಚುತ್ತಿದ್ದರು. ಆಮೇಲೆ ಒಳ್ಳೆಯ ಊಟ, ಒಳ್ಳೆಯ ನಿದ್ದೆ.

ಅತ್ತೆ ಮರೆಗುಳಿಯಲ್ಲ. ನಮ್ಮ ಮೂರು ತಲೆಮಾರಿನವರು ಹುಟ್ಟಿದ ನಕ್ಷತ್ರ ಹೇಳುವ ಹೆಂಗಸು. ಪ್ರವಾಸದ ಆಸೆ ಇಲ್ಲದವರೂ ಅಲ್ಲ. ತಾಯಿ ತೀರಿಕೊಂಡ ಮೇಲೆ ಅತ್ತೆಯೇ ಸೊಂಟದಲ್ಲಿ ಹೊತ್ತು ಸಾಕಿದ ತಂಗಿಯೊಬ್ಬಳು ಬೊಂಬಾಯಿಯಲ್ಲಿದ್ದಳು. ಅವಳ ಗಂಡನದು ಅಲ್ಲಿ ಸಣ್ಣ ಹೋಟೆಲು. ಒಂದು ದಿನ ಬಾಗಿಲು ಹಾಕಿದರೆ ಗಿರಾಕಿ ಹೋಗುತ್ತದೆಂದು ಅವರು ಊರಿಗೆ ಬಂದದ್ದೇ ಇಲ್ಲ. ಮಾವ ರಾಮೇಶ್ವರದ ಯೋಜನೆ ಹಾಕುತ್ತಿದ್ದಾಗಲೂ ಅತ್ತೆ ಮೆಲ್ಲಗೆ, "ಅಲ್ಲಿಂದ ಬೊಂಬಾಯಿ ಹತ್ತಿರವಾ?" ಎಂದು ಕೇಳುತ್ತಿದ್ದರು. ತಂಗಿಯ ಮುಖವನ್ನು ಒಮ್ಮೆ ನೋಡಬೇಕು, ಅದೊಂದೇ ಅವರ ಆಸೆ. ಅಂಥವರು ಹೊರಟ ಪ್ರವಾಸವನ್ನು ತಾವಾಗಿ ಕೆಡಿಸುವುದೆಂದರೇನು?

ಒಂದು ಮಧ್ಯಾಹ್ನ ಅತ್ತೆ ಬಸಳೆ ಹೆಚ್ಚುತ್ತಿದ್ದಾಗ ಕೇಳಿಯೇಬಿಟ್ಟೆ. ನಾನಾಗ ಕೆಲಸಕ್ಕೆ ಸೇರಿದ್ದೆ, ದೊಡ್ಡವರ ವಿಚಾರ ಕೇಳಬಹುದೆನ್ನುವ ಧೈರ್ಯ ಬಂದಿತ್ತು.

"ಅತ್ತೆ, ನೀವು ಬೇಕೂಂತಲೇ ಕೇಳುವುದಲ್ಲವಾ?"

ಅತ್ತೆ ಬಾಗಿಲ ಕಡೆ ಒಮ್ಮೆ ನೋಡಿದರು. "ಮಂಗಳೂರಿನಿಂದ ರೈಲಿನಲ್ಲಿ ಹೊರಟರೆ ಮೊದಲು ಎಂತ ಸಿಗ್ತದೆ ಮಗ?"

"ನೇತ್ರಾವತಿ ಹೊಳೆಯ ಸಂಕ."

"ಉಡುಪಿಗೆ ಹೊರಟರೆ?"

"ಕೂಳೂರಿನಲ್ಲಿ ಹೊಳೆ ದಾಟಬೇಕು."

"ಘಟ್ಟಕ್ಕೆ ಹೋಗುದಾದ್ರೆ ಪಾಣೆಮಂಗಳೂರಿನ ಹೊಳೆ. ಬಂದರಿನಿಂದ ಹೋಗುದಾದ್ರೆ ಕೇಳುದೇ ಬೇಡ. ಎತ್ತ ಹೋದ್ರೂ ನೀರು." ಅತ್ತೆ ದನಿ ತಗ್ಗಿಸಿದರು. "ನಿನ್ನ ಮಾವನಿಗೆ ನೀರು ಕಂಡ್ರೆ ಹೆದರಿಕೆ. ಅದಕ್ಕೇ ಹೆಣ್ಣು ನೋಡುವಾಗಲೂ ಹೊಳೆ ದಾಟದೆ ಇದೇ ಊರಲ್ಲಿ, ಬೋಳಾರದ ನಮ್ಮ ಮನೆಗೆ ಬಂದದ್ದು."

ನಾನು ನಗಲಿಕ್ಕೆ ಬಾಯಿ ತೆರೆದವನು ಅತ್ತೆಯ ಮುಖ ನೋಡಿ ಮುಚ್ಚಿದೆ. ಹೊಳೆಯಾಚೆಯ ಬೆಂಗ್ರೆಯ ಮದುವೆಗೆ ಕರೆದರೆ "ಅಲ್ಲಿ ನೋಡುವಂಥದ್ದು ಎಂತ ಉಂಟು?" ಎಂದು ಮಾವ ತಪ್ಪಿಸಿಕೊಳ್ಳುತ್ತಿದ್ದದ್ದು ಆಗ ಅರ್ಥವಾಯಿತು. ಕೊಲಂಬೊ ಬಲ್ಲ ಮನುಷ್ಯ ಕಡವಿನ ದೋಣಿ ಹತ್ತಿದವರಲ್ಲ.

"ಹೊರಡುವ ದಿನ ಹತ್ತಿರ ಬಂದ ಹಾಗೆ ಊಟ ಸೇರುದಿಲ್ಲ ಅವರಿಗೆ. ಕೈ ಎಲ್ಲ ತಣ್ಣಗೆ. ಗಂಡಸು ಹೆದರ್ತೇನೆ ಅಂತ ಹೇಳ್ಲಿಕ್ಕೆ ಉಂಟಾ? ಜ್ವರ ಅಂತ ಸುಳ್ಳು ಹೇಳುವ ಅಂದ್ರೆ ಅವರಿಗೆ ಸುಳ್ಳು ಬರುದಿಲ್ಲ. ನಾನು ಕೇಳಿದ್ರೆ ತಪ್ಪು ನನ್ನದಾಗ್ತದೆ. ಬಯ್ದು ಮಲಗ್ತಾರೆ. ಪಾಪ." ಹೀಗೆಂದು ಅತ್ತೆ ಮತ್ತೆ ಬಸಳೆಯ ದಂಟು ಮುರಿಯತೊಡಗಿದರು.

ಆ ಬೇಸಗೆಯಲ್ಲೇ ಬೊಂಬಾಯಿಯಿಂದ ಬಂದವರೊಬ್ಬರು ಸುದ್ದಿ ತಂದರು. ತಂಗಿ ಹಾಸಿಗೆ ಹಿಡಿದಿದ್ದಾಳೆ, ಅಕ್ಕನನ್ನೇ ಕೇಳುತ್ತಿದ್ದಾಳೆ. ಬೊಂಬಾಯಿಗೆ ನೇರ ದಾರಿಯೆಂದರೆ ಆಗಬೋಟು, ಅಂದರೆ ಉಗಿಹಡಗು; ಮಳೆಗಾಲ ಹಿಡಿದರೆ ಅದು ನಿಲ್ಲುತ್ತದೆ, ಮತ್ತೆ ಬರುವುದು ದಸರೆಯ ಹೊತ್ತಿಗೇ. ಅಷ್ಟರವರೆಗೆ ತಂಗಿ ಇರುತ್ತಾಳೋ ಇಲ್ಲವೋ ಯಾರು ಬಲ್ಲರು? ಮಾವ ಗೈಡನ್ನು ಮುಚ್ಚಿಟ್ಟು ಬಂದರಿಗೆ ಹೋಗಿ ಇಬ್ಬರಿಗೂ ಆಗಬೋಟಿನ ಟಿಕೆಟು ತಂದರು. ಈ ಸಲ ಬುತ್ತಿಯ ಪರೀಕ್ಷೆ ನಡೆಯಲಿಲ್ಲ.

ಹೊರಡುವ ಬೆಳಿಗ್ಗೆ ನಾನು ಸಾಮಾನು ಹೊರಲು ಹೋಗಿದ್ದೆ. ಮಾವ ಹೊಸ್ತಿಲ ಬಳಿ ನಿಂತರು. ಮುಂಡಾಸು ಬಿಚ್ಚಿ ಮತ್ತೆ ಸುತ್ತಿದರು. ಕೊಡೆ ಬಿಡಿಸಿ ಮಡಚಿದರು. ಅತ್ತೆಯ ಮುಖ ನೋಡಿದರು. ಅತ್ತೆ ಎಲೆಅಡಿಕೆಯನ್ನು ಎರಡೂ ದವಡೆಗೆ ತುಂಬಿಕೊಂಡು ತುಟಿ ಬಿಗಿದು ನಿಂತಿದ್ದರು.

"ಎಂತಾದರೂ ಹೇಳಲಿಕ್ಕುಂಟಾ?" ಮಾವ ಕೇಳಿದರು.

ಅತ್ತೆ ಇಲ್ಲವೆಂದು ತಲೆ ಅಲ್ಲಾಡಿಸಿದರು.

ಆ ಹೊತ್ತಿಗೆ ಸರಿಯಾಗಿ ಓಣಿಯಲ್ಲಿ ಬುಟ್ಟಿ ಹೊತ್ತು ಬಂದ ಬೆಂಗ್ರೆಯ ಮೀನಿನ ಹೆಂಗಸು, ಸಾಮಾನಿನ ರಾಶಿ ಕಂಡು ನಗುಮುಖದಿಂದ ಕೇಳಿಯೇಬಿಟ್ಟಳು. "ಓಡೆಗ್ ಅಣ್ಣೆರೆ?" ತುಳುವಿನಲ್ಲಿ ಕೇಳಿದರೂ ಅರ್ಥ ಅದೇ. ಎಲ್ಲಿಗೆ?

ಇಷ್ಟು ವರ್ಷ ಅತ್ತೆ ಒದಗಿಸುತ್ತಿದ್ದ ನೆಪ ತಾನಾಗಿ ತಲೆಯ ಮೇಲೆ ಬುಟ್ಟಿಯಿಟ್ಟುಕೊಂಡು ಬಂದು ನಿಂತಿತ್ತು. ಯಾರೂ ಮಾವನನ್ನು ದೂರುವಂತಿಲ್ಲ. ಅತ್ತೆ ತಲೆ ತಗ್ಗಿಸಿದರು. ಅವರ ಕಣ್ಣಿನಿಂದ ನೀರು ಕೆನ್ನೆಗಿಳಿದು ಗಲ್ಲಕ್ಕೆ ಬಂತು, ಒರೆಸಿಕೊಳ್ಳಲಿಲ್ಲ. ಮಾವ ಅದನ್ನು ನೋಡಿದರು.

"ಬೊಂಬಾಯಿಗೆ" ಎಂದು ಮೀನಿನವಳಿಗೆ ಉತ್ತರ ಕೊಟ್ಟು, ಕೊಡೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಅಂಗಳಕ್ಕಿಳಿದರು.

ಆಗಬೋಟು ಬಂದರಿನ ಕಟ್ಟೆಗೆ ಬರುವುದಿಲ್ಲ. ಹೊಳೆ ಕಡಲು ಸೇರುವ ಅಳಿವೆಯ ಆಚೆ ಸಮುದ್ರದಲ್ಲಿ ನಿಲ್ಲುತ್ತದೆ. ಅಲ್ಲಿಯವರೆಗೆ ಹುಟ್ಟು ಹಾಕುವ ದೋಣಿಯಲ್ಲಿ ಹೋಗಬೇಕು. ಅವರನ್ನು ಹತ್ತಿಸಿ ಬರುತ್ತೇನೆಂದು ನಾನೂ ದೋಣಿಗೆ ಇಳಿದೆ. ಮಾವ ಅತ್ತೆಯ ಪಕ್ಕದಲ್ಲಿ ಕೂತು ಕಣ್ಣು ಮುಚ್ಚಿದರು. ರಸ್ತೆಯಲ್ಲಿ ಅತ್ತೆಗಿಂತ ಬಹಳ ಮುಂದೆ ನಡೆದು, ಹಿಂದೆ ಬರುವವಳು ಯಾರೋ ಎನ್ನುವಂತಿರುತ್ತಿದ್ದ ಮನುಷ್ಯ, ಅಷ್ಟು ಜನರ ಮುಂದೆ ಹೆಂಡತಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಎಲ್ಲಿಗೆ ಬಂದೆವು?" ಮುಚ್ಚಿದ ಕಣ್ಣಿನಲ್ಲೇ ಕೇಳಿದರು.

"ಬೆಂಗ್ರೆ ಕಾಣ್ತಾ ಉಂಟು. ಬಲೆ ಒಣಗ್ಲಿಕ್ಕೆ ಹಾಕಿದ್ದಾರೆ" ಎಂದರು ಅತ್ತೆ, ಬಸಳೆ ಹೆಚ್ಚುವಾಗಿನ ದನಿಯಲ್ಲಿ.

"ಈಗ?"

"ಈಗ ಅಳಿವೆ ದಾಟಿ ಆಯಿತು. ಇನ್ನು ಹೆದರಿಕೆ ಇಲ್ಲ."

ಅಳಿವೆ ದಾಟಿರಲಿಲ್ಲ. ಮೊದಲ ದೊಡ್ಡ ತೆರೆ ಆಗಷ್ಟೇ ಎದುರಿಗೆ ಎದ್ದು ಬರುತ್ತಿತ್ತು. ದೋಣಿ ಮೂತಿ ಎತ್ತಿ ಮೇಲೇರಿ ಕೆಳಗೆ ಬಿತ್ತು. ಜನ ದೇವರ ಹೆಸರು ಹೇಳಿದರು.

"ಇದು ಎಂತ?" ಎಂದರು ಮಾವ.

"ಸಮುದ್ರ ಅಂದ್ರೆ ಹೀಗೇ ಇರುದು" ಎಂದರು ಅತ್ತೆ.

ಮಾವ ನಂಬಿದರು. ಅವರ ಮುಖದ ಬಿಗಿ ಸಡಿಲಾದದ್ದನ್ನು ನಾನೇ ನೋಡಿದೆ. ಆಮೇಲೆ ಹಡಗಿನ ಬಳಿ ಬಂದಾಗ ಕಣ್ಣು ತೆರೆದು, ಗೈಡಿನಲ್ಲಿ ಓದಿದ ಹಾಗೇ ಉಂಟೋ ಎಂದು ಅದನ್ನು ಮೇಲಿಂದ ಕೆಳಗೆ ಪರೀಕ್ಷಿಸತೊಡಗಿದರು.

ಅತ್ತೆಯನ್ನು ಏಣಿಗೆ ಹತ್ತಿಸಲೆಂದು ನಾನು ಕೈ ಕೊಟ್ಟೆ. ಅವರು ಏಳಲಿಲ್ಲ. ಮಾವ ಹಿಡಿಯದೆ ಬಿಟ್ಟಿದ್ದ ಎಡಗೈ ದೋಣಿಯ ಅಂಚನ್ನು ಹಿಡಿದಿತ್ತು, ಬಿಡಲಿಕ್ಕೆ ಬರುತ್ತಿರಲಿಲ್ಲ. ಬೆರಳುಗಳನ್ನು ಒಂದೊಂದಾಗಿ ನಾನೇ ಬಿಡಿಸಬೇಕಾಯಿತು. ಗಾಜಿನ ಬಳೆಗಳು ಒಡೆದು ಮಣಿಕಟ್ಟಿನಲ್ಲಿ ರಕ್ತ ಬಂದಿತ್ತು. ಬೋಳಾರದಲ್ಲಿ ಹುಟ್ಟಿ ಕುದ್ರೋಳಿಗೆ ಬಂದ ಹೆಂಗಸು, ಅವರಾದರೂ ಯಾವಾಗ ದೋಣಿ ಹತ್ತಿದ್ದರು? ಇದು ನನಗೆ ಹೊಳೆದೇ ಇರಲಿಲ್ಲ.

"ಮಾವನಿಗೆ ಹೇಳಬೇಡ" ಎಂದು ಸೆರಗಿನಿಂದ ಮಣಿಕಟ್ಟು ಮುಚ್ಚಿಕೊಂಡು ಅತ್ತೆ ಏಣಿ ಹತ್ತಿದರು. ದಡಕ್ಕೆ ಮರಳುವವರೆಗೂ ನನಗೆ ಅಳು ನಿಲ್ಲಲಿಲ್ಲ.