ಪ್ರಸಂಗಪೀಠದಲ್ಲಿ ನಾನು ಕೊಂದ ಬಾತುಕೋಳಿ

"ಇನ್ನು ಮುಂದೆ ನನ್ನ ಪ್ರಸಂಗ ಕೇಳ್ತಾ ಒಬ್ಬರಾದ್ರೂ ತೂಕಡಿಸಲಿ, ನನ್ನ ಹೆಸರನ್ನೇ ಬದಲಾಯಿಸ್ತೀನಿ!"

ಹೀಗೆಂದು ನಾನು ಅಡುಗೆಮನೆಯ ನಟ್ಟನಡುವೆ ನಿಂತು, ಬಲಗೈ ಮೇಲೆತ್ತಿ ಘೋಷಿಸಿದೆ. ಮೂಲಂಗಿ ಹೆಚ್ಚುತ್ತಿದ್ದ ನನ್ನ ಹೆಂಡತಿ ಮಿರಾನ್ ತಲೆಯನ್ನೂ ಎತ್ತಲಿಲ್ಲ.

"ಹೊಸ ಹೆಸರು ಈಗ್ಲೇ ಯೋಚಿಸಿಟ್ಕೊಳ್ಳಿ. ಸೋಮವಾರ ಬೇಕಾಗತ್ತೆ."

ನಾನು ಪ್ಯೋ, ಸಾಮ್‌ಚನ್‌ಪೊ ಬಂದರಿನಲ್ಲಿ ಮೀನುಪೇಟೆಯ ಹಿಂದಿರುವ ಪುಟ್ಟ ಚರ್ಚಿನ ಸಭಾಪಾಲಕ. ನನ್ನ ಪ್ರಸಂಗಗಳು ಬಹಳ ಆಳವಾದವು. ಎಷ್ಟು ಆಳವೆಂದರೆ, ಅದರೊಳಗೆ ಇಳಿದವರು ಯಾರೂ ಎಚ್ಚರವಾಗಿ ಮೇಲೆ ಬಂದದ್ದಿಲ್ಲ! ಅದರಲ್ಲೂ ಸಭೆಯ ಹಿರಿಯರಾದ ಸೊಕ್ ಅವರು. ಹೆಸರು ಸೊಕ್ ಆದರೂ ಮನುಷ್ಯನಲ್ಲಿ ಸೊಕ್ಕು ಎಳ್ಳಷ್ಟೂ ಇಲ್ಲ. ಮುಂದಿನ ಬೆಂಚಿನಲ್ಲೇ ಕೂತು, ನಾನು "ಪ್ರಿಯರೇ" ಎನ್ನುತ್ತಿದ್ದಂತೆ ವಿನಯದಿಂದ ತಲೆ ಬಾಗಿಸುತ್ತಾರೆ; "ಆಮೆನ್" ಎಂದಾಗ ಎತ್ತುತ್ತಾರೆ. ನಡುವೆ ಕೇಳಿಬರುವುದೆಲ್ಲ ಗೊರಕೆ.

ಆ ವಾರ ಪಕ್ಕದ ಜಿಂಜು ಪಟ್ಟಣದಲ್ಲಿ ಸಭಾಪಾಲಕರ ಕೂಟ ನಡೆದಿತ್ತು. ಅಲ್ಲಿ ಮಾತಾಡಿದ ಒಬ್ಬ ತರುಣಿ, "ಮಕ್ಕಳ ಚಿತ್ರಪುಸ್ತಕ ಹಿಡಿದು ಪ್ರಸಂಗ ಮಾಡಿ ನೋಡಿ. ಪ್ರತಿಯೊಬ್ಬ ದೊಡ್ಡವರ ಒಳಗೂ ಮಲಗಿರೋ ಮಗು ಎದ್ದು ಕೂರತ್ತೆ," ಎಂದಿದ್ದರು. ಒಳಗಿನ ಮಗುವಿನ ವಿಚಾರ ಹಾಗಿರಲಿ, ಹೊರಗಿನ ಸೊಕ್ ಅವರು ಎದ್ದು ಕೂತರೆ ನನಗೆ ಅಷ್ಟೇ ಸಾಕಾಗಿತ್ತು!

ಚರ್ಚಿನ ಸಂಡೇ ಸ್ಕೂಲ್ ನಡೆಸುವವಳು ಮಿರಾನ್. ಅವಳ ಕಪಾಟಿನ ತುಂಬ ಚಿತ್ರಪುಸ್ತಕಗಳು. ಬೈಬಲಿನ ಕಳೆದುಹೋದ ಕುರಿಯ ಸಾಮ್ಯಕಥೆಗೆ ಹೊಂದುವಂಥದ್ದು ಒಂದು ಕೊಡು ಎಂದೆ. ದಪ್ಪ ರಟ್ಟಿನ ಹೊಸ ಪುಸ್ತಕವೊಂದನ್ನು ಕೈಗಿಟ್ಟಳು.

"ತಾಯಿ ಬಾತುಕೋಳಿಗೆ ಏಳು ಮರಿ. ಒಂದು ಕಾಣೆಯಾಗತ್ತೆ. ತಾಯಿ ಆರನ್ನ ಗೂಡಲ್ಲಿ ಬಿಟ್ಟು ಅದನ್ನ ಹುಡುಕ್ಕೊಂಡು ಹೋಗ್ತಾಳೆ."

"ಭಲೇ! ಆಮೇಲೆ?"

"ಆಮೇಲೇನು ಅಂತ ನೀವೇ ಓದ್ಕೊಳ್ಳಿ. ಕೊನೇವರೆಗೂ ಓದಿ. ಮಕ್ಕಳಿಗೆ ನಾನಿನ್ನೂ ಇದನ್ನ ತೋರ್ಸಿಲ್ಲ, ಕೆಡಿಸ್ಬೇಡಿ."

"ಮಿರಾನ್, ನಾನು ಹೀಬ್ರೂ ಕಲಿತವನು, ಗ್ರೀಕ್ ಅರೆದು ಕುಡಿದವನು. ಒಂದು ಬಾತುಕೋಳಿಗೆ ತಯಾರಿ ಬೇಕಾ?"

"ಗ್ರೀಕ್ ತಪ್ಪು ಹೇಳಿದ್ರೆ ನಮ್ಮ ಚರ್ಚಲ್ಲಿ ಯಾರಿಗೂ ಗೊತ್ತಾಗಲ್ಲ. ಬಾತುಕೋಳಿ ತಪ್ಪು ಹೇಳಿ, ಆಮೇಲಿದೆ," ಎಂದು ಅವಳು ಮತ್ತೆ ಮೂಲಂಗಿಯ ಕಡೆ ತಿರುಗಿದಳು.

ಆ ಭಾನುವಾರ ಸೊಕ್ ಅವರ ಎಪ್ಪತ್ತನೇ ಹುಟ್ಟುಹಬ್ಬ. ಆರಾಧನೆ ಮುಗಿದ ಮೇಲೆ ಇಡೀ ಸಭೆಗೆ ಅವರದೇ ಊಟ. "ಏನ್ ಊಟ ಅಂತ ಈಗ್ಲೇ ಹೇಳಲ್ಲ ಅಯ್ಯನವರೇ. ಅಳಿಯ ನೇರವಾಗಿ ಚರ್ಚಿಗೇ ತರ್ತಾನೆ. ನೀವು ಮಾತ್ರ ಬಿಸಿ ಆರೋಕೆ ಮುಂಚೆ ಮುಗಿಸಿ!" ಎಂದು ಸಂಭ್ರಮದಿಂದ ಹೇಳಿದ್ದರು. ವರ್ಷವಿಡೀ ಮೀನುಗಾರರ ಸಹಕಾರ ಸಂಘದಲ್ಲಿ ಗಂಟಲು ಹರಿದುಕೊಳ್ಳುವ ಮನುಷ್ಯ, ಊಟದ ಮಾತು ಬಂದಾಗ ಮಗುವಿನಂತೆ ಕೈ ಉಜ್ಜಿಕೊಂಡಿದ್ದರು.

ಭಾನುವಾರ ನಾನು ಪ್ರಸಂಗಪೀಠದ ಹಿಂದೆ ನಿಂತು ಪುಸ್ತಕ ಎತ್ತಿ ಹಿಡಿದೆ. ಮಕ್ಕಳನ್ನೆಲ್ಲ ಮುಂದೆ ನೆಲದ ಮೇಲೆ ಕೂರಿಸಿದ್ದೆ. ಸೊಕ್ ಅವರ ಮೊಮ್ಮಗಳು, ಒಂದನೇ ತರಗತಿಯ ನಾರೆ, ಎಲ್ಲರಿಗಿಂತ ಮುಂದೆ. ಮಿರಾನ್ ಮಾತ್ರ ಕೆಳಗಿನ ಅಡುಗೆಕೋಣೆಯಲ್ಲಿ ಸಾರು ಕಾಯಿಸುತ್ತಿದ್ದಳು.

ಏನು ಹೇಳಲಿ! ಮೊದಲ ಪುಟಕ್ಕೇ ಸಭೆ ನನ್ನ ಅಂಗೈಯಲ್ಲಿತ್ತು. ನಾನು ಬಾತುಕೋಳಿಯಂತೆ ಕೂಗಿದೆ, ಮರಿಯಂತೆ ಚಿಂವ್ ಚಿಂವ್ ಎಂದೆ, ಪೀಠದ ಸುತ್ತ ತೊನೆದಾಡುತ್ತಾ ನಡೆದೆ. ಮಕ್ಕಳು ಬಿದ್ದು ಬಿದ್ದು ನಕ್ಕರು. ಸೊಕ್ ಅವರ ಕಡೆ ನೋಡಿದರೆ, ಎರಡೂ ಕಣ್ಣು ಬಿಟ್ಟುಕೊಂಡಿದ್ದಾರೆ! ಅವರ ಕಣ್ಣು ಕಂದುಬಣ್ಣದ್ದೆಂದು ನನಗೆ ಗೊತ್ತಾದದ್ದೇ ಅಂದು.

ತಾಯಿ ಜೊಂಡಿನ ಕಾಡಿಗೆ ಹೋದಳು. ಕತ್ತಲಾಯಿತು. ಚಿತ್ರದಲ್ಲಿ ಕಪ್ಪು ಜೊಂಡಿನ ನಡುವೆ ಹೊಳೆಯುವ ಎರಡು ಚುಕ್ಕಿಗಳು. "ಏನದು?" ಎಂದು ನಾನು ಪಿಸುಗುಟ್ಟಿದೆ. ಇಡೀ ಸಭೆ ಉಸಿರು ಬಿಗಿಹಿಡಿಯಿತು. ನಾನು ಗಂಭೀರವಾಗಿ ಪುಟ ತಿರುಗಿಸಿದೆ.

ಪುಟ ತಿರುಗಲಿಲ್ಲ.

ಉಗುರು ಹಾಕಿದೆ. ಅಲುಗಲಿಲ್ಲ. ಉಳಿದ ಪುಟಗಳೆಲ್ಲ ಒಂದಕ್ಕೊಂದು ಅಂಟಿ ಮರದ ಹಲಗೆಯಂತಾಗಿದ್ದವು. ಕೆಳಗಿನ ಅಡುಗೆಕೋಣೆಯಿಂದ ಮೆಣಸಿನ ಘಾಟು ಮೂಗಿಗೆ ಬಡಿಯಿತು, ಆಗ ನೆನಪಾಯಿತು! ಹಿಂದಿನ ಸಂಜೆ ಮಿರಾನ್ ಚರ್ಚಿಗೆ ಹೋಗಿದ್ದಾಗ ಈ ಪುಸ್ತಕವನ್ನು ಇಲ್ಲಿಯವರೆಗೆ ಓದಿದ್ದೆ. ಅಷ್ಟರಲ್ಲಿ ಒಲೆಯ ಮೇಲೆ ನನ್ನ ರಾಮ್ಯೊನ್ ಉಕ್ಕಿತ್ತು. ಕುದಿಯುವ ನೂಡಲ್ಸ್ ಪಾತ್ರೆ ಕೈಯಲ್ಲಿ; ಮೇಜು ಸುಡದಂತೆ ಕೆಳಗಿಡಲು ಏನಾದರೂ ಬೇಕು; ಎದುರಿಗೆ ಈ ಗಟ್ಟಿ ರಟ್ಟು. ಬೋರಲು ಹಾಕಿ ಪಾತ್ರೆ ಇಟ್ಟೇಬಿಟ್ಟೆ. ಚೆಲ್ಲಿದ ಕೆಂಪು ಸಾರು ತನ್ನ ಕೆಲಸ ಮಾಡಿತ್ತು. ನಾನು ಹೊಟ್ಟೆ ತುಂಬಿಸಿಕೊಂಡು ಫುಟ್‌ಬಾಲ್ ನೋಡುತ್ತಾ ಕೂತಿದ್ದೆ.

"ಅಯ್ಯನವರೇ, ಅದು ಏನು?" ನಾರೆ ಕೇಳಿದಳು.

"ಅದಾ... ಅದು ನರಿ!" ಎಂದೆ. "ನರಿಯ ಕಣ್ಣು!"

ಮಕ್ಕಳು ಚೀರಿದರು. ಆ ಚೀರಾಟ ನನ್ನ ತಲೆಗೇರಿತು. ಇಷ್ಟೊಂದು ಎಚ್ಚರವಿರುವ ಸಭೆಯನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ಅಂಟಿದ ಪುಸ್ತಕವನ್ನು ಎದೆಗೊತ್ತಿಕೊಂಡು ಬಾಯಿಗೆ ಬಂದಂತೆ ಹೇಳುತ್ತಾ ಹೋದೆ. ಒಳ್ಳೆಯ ಕುರುಬನು ಕುರಿಗಳಿಗಾಗಿ ಪ್ರಾಣ ಕೊಡುವನಲ್ಲವೇ? ಹಾಗೆಯೇ ತಾಯಿ ಬಾತುಕೋಳಿ ನರಿಯ ಮುಂದೆ ಹೋಗಿ ನಿಂತಳು! "ಓಡು ಮಗಳೇ!" ಎಂದಳು! ಮರಿ ಮನೆ ಸೇರಿತು. ತಾಯಿ... ನಾನು ಕಣ್ಣು ಮುಚ್ಚಿ, ಧ್ವನಿ ನಡುಗಿಸಿದೆ. "ತಾಯಿ ಮರಳಿ ಬರಲೇ ಇಲ್ಲ."

ನನ್ನ ಜೀವಮಾನದ ಶ್ರೇಷ್ಠ ಪ್ರಸಂಗ ಇದೇ ಎಂದುಕೊಂಡೆ.

ಮೊದಲು ಅತ್ತವಳು ನಾರೆ. ಸಣ್ಣಗೆ ಅಲ್ಲ, ಬಂದರಿನಿಂದ ಹಡಗು ಹೊರಡುವಾಗ ಕೂಗುತ್ತದಲ್ಲ, ಹಾಗೆ! ಅದು ಪಕ್ಕದ ಮಗುವಿಗೆ ಹತ್ತಿತು, ಅಲ್ಲಿಂದ ಸಾಲಿಗೆ, ಸಾಲಿನಿಂದ ಬೆಂಚುಗಳಿಗೆ. ಸೊಕ್ ಅವರೂ ಕರವಸ್ತ್ರ ತೆಗೆದರು.

"ಅಳಬೇಡಿ ಮಕ್ಕಳೇ, ತಾಯಿ ಸ್ವರ್ಗದಲ್ಲಿದ್ದಾಳೆ!"

ಅಳು ಇಮ್ಮಡಿಯಾಯಿತು.

"ಮರಿಗಳಿಗೆ ಊಟ ಯಾರು ಕೊಡ್ತಾರೆ?" ನಾರೆ ಬಿಕ್ಕಿದಳು.

"ಅಕ್ಕಪಕ್ಕದವರು ಕೊಡ್ತಾರಮ್ಮ."

"ಅಕ್ಕಪಕ್ಕ ಇರೋದು ನರಿ!"

ಗ್ರೀಕಿನಲ್ಲಾಗಲೀ ಹೀಬ್ರೂವಿನಲ್ಲಾಗಲೀ ಇದಕ್ಕೆ ಉತ್ತರ ಇರಲಿಲ್ಲ. ಅವಸರದಲ್ಲಿ ಆಶೀರ್ವಾದ ಹೇಳಿ, "ಬನ್ನಿ, ಬನ್ನಿ, ಹುಟ್ಟುಹಬ್ಬದ ಊಟ!" ಎಂದು ಎಲ್ಲರನ್ನೂ ಕೆಳಗಿನ ಊಟದ ಕೋಣೆಗೆ ಅಟ್ಟಿದೆ. ಹೊಟ್ಟೆ ತುಂಬಿದರೆ ದುಃಖ ಆರುತ್ತದೆ ಎಂಬುದು ನನ್ನ ಲೆಕ್ಕ.

ಉದ್ದನೆಯ ಮೇಜುಗಳ ಮೇಲೆ ಅಳಿಯ ತಂದ ತಟ್ಟೆಗಳು ಸಾಲಾಗಿದ್ದವು. ಸೊಕ್ ಅವರು ಕಣ್ಣೊರೆಸಿಕೊಂಡು, ಎದೆಯುಬ್ಬಿಸಿ, ತಾವೇ ಮುಚ್ಚಳ ತೆಗೆದರು.

ಹೊಗೆಯಲ್ಲಿ ಬೇಯಿಸಿದ ಬಾತುಕೋಳಿ! ತೆಳ್ಳಗೆ ಕತ್ತರಿಸಿ, ಸಾಸಿವೆಯ ಗೊಜ್ಜಿನ ಜೊತೆ, ತಟ್ಟೆ ತುಂಬ ತುಂಬ!

"ಅವಳೇ ಇದು!" ನಾರೆ ಕಿರುಚಿದಳು. "ತಾತ, ನೀನೇನಾ ನರಿ?"

ಅತ್ತು ಅತ್ತು ಕಣ್ಣೂ ಬಾತು, ತಟ್ಟೆಯಲ್ಲೂ ಬಾತು! ಮಕ್ಕಳು ಮೇಜಿನ ಕೆಳಗೆ ನುಗ್ಗಿದರು. ದೊಡ್ಡವರು ಚಾಪ್‌ಸ್ಟಿಕ್ ಕೆಳಗಿಟ್ಟರು. ಉಪ್ಪುಖಾರದ ಕಿಮ್ಚಿ, ಅನ್ನ ಮಾತ್ರ ಖಾಲಿಯಾಗತೊಡಗಿದವು. ತೊಂಬತ್ತರ ಬನ್ ಅಜ್ಜಿ ಒಬ್ಬರೇ, "ಅದು ಕಥೇದು ಕಣ್ರೋ, ಇದು ಹೋಟೆಲ್‌ದು," ಎಂದು ಚಪ್ಪರಿಸುತ್ತಿದ್ದರು. ಸೊಕ್ ಅವರು ಮುಚ್ಚಳ ಹಿಡಿದುಕೊಂಡೇ ನಿಂತಿದ್ದರು. ಸಹಕಾರ ಸಂಘದಲ್ಲಿ ಗುಡುಗುವ ಆ ಮನುಷ್ಯ ಮುಚ್ಚಳವನ್ನು ಮೆಲ್ಲಗೆ ಮತ್ತೆ ತಟ್ಟೆಯ ಮೇಲಿಟ್ಟರು. ನನಗೆ ಅದು ಬೈಗುಳಕ್ಕಿಂತ ಕಷ್ಟವಾಗಿತ್ತು. ಎಪ್ಪತ್ತು ವರ್ಷಕ್ಕೊಮ್ಮೆ ಬರುವ ಊಟ. ನಾನು ಅದರ ಮೇಲೆ ಒಂದು ಹೆಣ ಇಟ್ಟಿದ್ದೆ.

ಮಿರಾನ್ ನನ್ನ ತೋಳು ಹಿಡಿದು ಅಡುಗೆಕೋಣೆಗೆ ಎಳೆದಳು.

"ಏನ್ರೀ ಮಾಡಿದ್ರಿ? ಆ ಪುಸ್ತಕದಲ್ಲಿ ಯಾರೂ ಸಾಯಲ್ಲ!"

"ನರಿ..."

"ಯಾವ ನರಿ? ಅದ್ರಲ್ಲಿ ನರೀನೇ ಇಲ್ಲ!"

ಪುಸ್ತಕ ಕಿತ್ತುಕೊಂಡು ತಿರುಗಿಸಿ ನೋಡಿದಳು. ಹಿಂದಿನ ರಟ್ಟಿನ ಮೇಲೆ ಕೆಂಪನೆಯ ದುಂಡು ಮುದ್ರೆ. ಅಂಚಿನಲ್ಲಿ ಒಣಗಿದ ನೂಡಲ್ಸ್ ಎಳೆ. ಮಿರಾನ್ ಅದನ್ನು ಎರಡು ಬೆರಳಲ್ಲಿ ಕಿತ್ತು ನನ್ನ ಕಣ್ಣ ಮುಂದೆ ಹಿಡಿದಳು.

"ಹೀಬ್ರೂನೋ, ಗ್ರೀಕೋ?"

ಆಮೇಲೆ ಬೈಯಲು ಹೊತ್ತು ಕಳೆಯಲಿಲ್ಲ. ಕುದಿಯುತ್ತಿದ್ದ ಸಾರಿನ ಆವಿಯ ಮೇಲೆ ಪುಸ್ತಕ ಹಿಡಿದು, ಬೆಣ್ಣೆಚಾಕುವಿನ ತುದಿಯಿಂದ ಮೆಲ್ಲಗೆ ಒಂದೊಂದೇ ಪುಟ ಬಿಡಿಸಿದಳು. ಊಟದ ಕೋಣೆಗೆ ಬಂದು, ಮೇಜಿನ ಕೆಳಗೆ ತಾನೂ ತೂರಿ, ಮಕ್ಕಳ ನಡುವೆ ಕೂತು ಓದಿದಳು. ಹೊಳೆಯುತ್ತಿದ್ದದ್ದು ಎರಡು ಮಿಂಚುಹುಳು! ಮರಿ ಅವುಗಳ ಹಿಂದೆ ಓಡಿಹೋಗಿತ್ತು. ಕೊನೆಯ ಪುಟದಲ್ಲಿ ತಾಯಿಯ ರೆಕ್ಕೆಯಡಿ ಏಳೂ ಮರಿಗಳು, ಗೂಡಿನ ಮೇಲೆ ದೀಪದಂತೆ ಆ ಎರಡು ಹುಳುಗಳು.

ಮೇಜಿನ ಕೆಳಗಿನಿಂದ ಜಯಘೋಷ ಎದ್ದಿತು. ನಾರೆ ಹೊರಬಂದು ತಾತನ ಕಾಲು ತಬ್ಬಿಕೊಂಡಳು. "ತಾತ, ನೀನು ನರಿ ಅಲ್ಲ," ಎಂದು ಕ್ಷಮಾಪತ್ರ ಕೊಟ್ಟಳು. ಸೊಕ್ ಅವರ ಮುಖ ಅರಳಿತು. ಚಾಪ್‌ಸ್ಟಿಕ್‌ಗಳು ಒಂದೊಂದಾಗಿ ಮೇಲೆದ್ದವು.

ಸದ್ಯ ಉಳಿದೆ ಎಂದು ನಾನೂ ಕೂತು ತಟ್ಟೆಗೆ ಕೈ ಹಾಕಿದೆ. ಅಷ್ಟರಲ್ಲಿ ನಾರೆ ನನ್ನ ಪಕ್ಕ ಬಂದು ನಿಂತಳು.

"ಅಯ್ಯನವರೇ, ನೀವು ಪುಸ್ತಕ ಪೂರ್ತಿ ಓದಿರ್ಲಿಲ್ವಾ?"

"ಇಲ್ಲಮ್ಮ. ಅದ್ರ ಮೇಲೆ ರಾಮ್ಯೊನ್ ಪಾತ್ರೆ ಇಟ್ಟುಬಿಟ್ಟೆ, ಪುಟ ಎಲ್ಲ ಅಂಟ್ಕೊಂಡ್ವು. ತಪ್ಪಾಯ್ತು."

ಅವಳು ಯೋಚಿಸಿದಳು. ಆಮೇಲೆ ಮೇಜಿನ ಮೇಲಿದ್ದ ನನ್ನ ಬೈಬಲನ್ನು ಎಳೆದುಕೊಂಡಳು. ಕಳೆದ ಕ್ರಿಸ್ಮಸ್‌ಗೆ ಸಭೆಯವರೆಲ್ಲ ಸೇರಿ ನನಗೆ ಕೊಟ್ಟಿದ್ದ, ಅಂಚಿಗೆ ಬಂಗಾರದ ಬಣ್ಣ ಬಳಿದ ದೊಡ್ಡ ಬೈಬಲ್. ಸೀದಾ ಕೊನೆಗೆ ಹೋಗಿ, ಪುಟ ತಿರುಗಿಸಲು ನೋಡಿದಳು. ಮತ್ತೆ ನೋಡಿದಳು. ಅಂಚಿನ ಬಂಗಾರ ಒಂದಕ್ಕೊಂದು ಕಚ್ಚಿಕೊಂಡು, ಅಂಗಡಿಯಿಂದ ಬಂದ ಹಾಗೆಯೇ ಕೂತಿತ್ತು.

"ತಾತಾ!" ನಾರೆ ಇಡೀ ಕೋಣೆಗೆ ಕೇಳುವಂತೆ ಕೂಗಿದಳು. "ಇದ್ರ ಮೇಲೂ ರಾಮ್ಯೊನ್ ಇಟ್ಟಿದಾರೆ!"